ದ್ವೀಪವಾಗಿದ್ದ ಸಂಡೂರು

ಹೊಸಪೇಟೆಯನ್ನು ಬೆಳಗಿನ ತಂಪಿನಲ್ಲಿ ಬಿಟ್ಟು ದಕ್ಷಿಣದ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಬೆಟ್ಟಗಳ ಸಾಲು ಕೋಟೆಯ ಗೋಡೆಯಂತೆ ಅಡ್ಡವಾಗಿ ನಿಲ್ಲುತ್ತದೆ. ಮಣ್ಣು ಕುಂಕುಮದಂತೆ ಕೆಂಪು. ದಾರಿಯ ಬದಿಯ ಗಿಡಗಳ ಎಲೆಯೂ ಕೆಂಪು. ಅದಿರು ಹೊತ್ತ ಲಾರಿಗಳಿಗೆ ದಾರಿ ಬಿಡುತ್ತ ಬಿಡುತ್ತ ನಾವು ಸಂಡೂರಿನ ಕಣಿವೆಯನ್ನು ಹೊಕ್ಕೆವು. ಒಳಗೆ ಹೊಕ್ಕೊಡನೆ ಬೇರೊಂದು ಲೋಕ. ಸುತ್ತಲೂ ಹಸುರು ಗುಡ್ಡಗಳು, ನಡುವೆ ಹೊಲಗದ್ದೆಗಳು, ಓಬಳಗಂಡಿ ಭೀಮಗಂಡಿಗಳ ಸಂದಿನಲ್ಲಿ ದಾರಿ ಮಾಡಿಕೊಂಡು ಹರಿಯುವ ನಾರಿಹಳ್ಳ.

ಸಮುದ್ರವು ಸಂಡೂರಿಗೆ ಬಹು ದೂರ. ಆದರೂ ಈ ಊರು ಒಂದು ಕಾಲಕ್ಕೆ ದ್ವೀಪವೇ ಆಗಿತ್ತೆಂದರೆ ವಾಚಕರು ನಗಬಾರದು. ಘೋರ್ಪಡೆ ಮನೆತನದ ಅರಸರು ಆಳುತ್ತಿದ್ದ ಈ ಪುಟ್ಟ ಸಂಸ್ಥಾನವನ್ನು ನಾಲ್ಕು ದಿಕ್ಕಿನಲ್ಲಿಯೂ ಬಳ್ಳಾರಿ ಜಿಲ್ಲೆ, ಎಂದರೆ ಬ್ರಿಟಿಷರ ಮದ್ರಾಸ್ ಪ್ರಾಂತ, ಸುತ್ತುವರಿದಿತ್ತು. ವಿಸ್ತಾರ ಸುಮಾರು ೧೬೦ ಚದರ ಮೈಲಿ. ೧೯೦೧ರ ಜನಗಣತಿಯಲ್ಲಿ ಪ್ರಜೆಗಳು ಹನ್ನೊಂದು ಸಾವಿರದ ಆಸುಪಾಸು. ಅರಸರ ಮಾತೇ ಅಲ್ಲಿ ಶಾಸನ.

ಈ ಅಳತೆಯನ್ನು ಕೇಳಿದಾಗ ನಮಗೆ ನಿಜವಾದ ಒಂದು ದ್ವೀಪದ ನೆನಪಾಯಿತು. ಕೆರಿಬಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿರುವ ಬಾರ್ಬಡೋಸ್ ದೇಶದ ವಿಸ್ತಾರ ೧೬೬ ಚದರ ಮೈಲಿ. ಹೆಚ್ಚುಕಡಿಮೆ ಸಂಡೂರಿನಷ್ಟೇ! ಆ ದ್ವೀಪವನ್ನು ನಾವು ಕಣ್ಣಾರೆ ಕಂಡವರಲ್ಲ, ಓದಿ ತಿಳಿದವರು. ಆದರೂ ಸಂಡೂರಿನ ಬೀದಿಯಲ್ಲಿ ನಡೆಯುವಾಗ ಎರಡನ್ನೂ ಜೊತೆಗಿಟ್ಟು ನೋಡದೆ ಇರಲಾಗಲಿಲ್ಲ.

ಅಲ್ಲಿ ಪಾರ್ಲಿಮೆಂಟಿಗೆ ಎರಡು ಸಭೆಗಳು. ಮೇಲ್ಮನೆಯ ೨೧ ಮಂದಿ ನೇಮಕಗೊಂಡವರು. ಕೆಳಮನೆಯ ೩೦ ಮಂದಿ ಜನರಿಂದ ಆರಿಸಿಬಂದವರು. ಈ ಕೆಳಮನೆ ಮೊದಲು ಕೂಡಿದ್ದು ೧೬೩೯ರಲ್ಲಿ. ರಾಜಧಾನಿ ಬ್ರಿಜ್‌ಟೌನಿನಲ್ಲಿ ಹವಳದ ಸುಣ್ಣಕಲ್ಲಿನಿಂದ ಕಟ್ಟಿದ ಭವನದಲ್ಲಿ ಅದು ಸೇರುತ್ತದೆ. ೧೯೬೬ರಲ್ಲಿ ದ್ವೀಪವು ಸ್ವತಂತ್ರವಾದಾಗ ಸಭಾಧ್ಯಕ್ಷರು ಕುಳಿತುಕೊಳ್ಳುವ ಪೀಠವನ್ನು ಉಡುಗೊರೆಯಾಗಿ ಕೊಟ್ಟದ್ದು ನಮ್ಮ ಭಾರತ ಸರ್ಕಾರವೇ ಎಂಬುದು ನಮ್ಮವರಿಗೆ ಹೆಮ್ಮೆಯ ಸಂಗತಿ. ೨೦೨೧ರಲ್ಲಿ ಅದು ಗಣರಾಜ್ಯವೂ ಆಯಿತು. ೨೦೧೮ರಲ್ಲಿ ಅಲ್ಲೊಂದು ವಿಚಿತ್ರ ನಡೆಯಿತು: ಮೂವತ್ತು ಸ್ಥಾನಗಳೂ ಒಂದೇ ಪಕ್ಷಕ್ಕೆ ಬಂದವು! ಪ್ರಶ್ನೆ ಕೇಳುವವರೇ ಇಲ್ಲದ ಸಭೆ ಸಭೆಯೆನಿಸೀತೆ? ಕೆಲವೇ ದಿನಗಳಲ್ಲಿ ಗೆದ್ದವರಲ್ಲೇ ಒಬ್ಬರು ಎದ್ದುಹೋಗಿ ಎದುರು ಸಾಲಿನಲ್ಲಿ ಕುಳಿತು ಪ್ರತಿಪಕ್ಷದ ನಾಯಕರಾದರು.

ಆದರೆ ಹಳೆಯದೆಲ್ಲವೂ ಒಳ್ಳೆಯದೆಂದು ತಿಳಿಯಬಾರದು. ಆ ಸಭೆಯು ಮೊದಲಿಗೆ ಜಮೀನಿದ್ದ ಬಿಳಿಯರ ಸಭೆ. ಕಬ್ಬಿನ ತೋಟಗಳಲ್ಲಿ ಬೆವರು ಸುರಿಸುತ್ತಿದ್ದ ಆಫ್ರಿಕದ ಗುಲಾಮರಿಗೆ ಅಲ್ಲಿ ಬಾಯಿಯೇ ಇರಲಿಲ್ಲ. ಗುಲಾಮಗಿರಿ ರದ್ದಾದದ್ದು ೧೮೩೪ರಲ್ಲಿ. ಬಿಳಿಯರಲ್ಲದವರೊಬ್ಬರು, ಸ್ಯಾಮ್ಯುಯೆಲ್ ಪ್ರೆಸ್ಕಾಡ್, ಆ ಸಭೆಗೆ ಮೊದಲು ಆರಿಸಿಬಂದದ್ದು ೧೮೪೩ರಲ್ಲಿ. ಪ್ರಾಯಕ್ಕೆ ಬಂದ ಗಂಡಸರು ಹೆಂಗಸರೆಲ್ಲರೂ ಮತ ಹಾಕಿದ ಮೊದಲ ಚುನಾವಣೆ ನಡೆದದ್ದು ೧೯೫೧ರ ಡಿಸೆಂಬರಿನಲ್ಲಿ.

ಸಂಡೂರಿನ ಕಥೆ ಹೇಗೆ? ಅಲ್ಲಿನ ಕೊನೆಯ ಅರಸರಾದ ಯಶವಂತರಾವ್ ಘೋರ್ಪಡೆಯವರು ೧೯೩೨ರಲ್ಲಿಯೇ ಕುಮಾರಸ್ವಾಮಿಯ ದೇವಾಲಯವನ್ನು ಹರಿಜನರಿಗೆ ತೆರೆಯಿಸಿದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗೆ ಅದು ನಾಲ್ಕು ವರ್ಷ ಮೊದಲು. ಅರಸರು ಒಳ್ಳೆಯವರಾದರೆ ಒಂದು ಅಪ್ಪಣೆಯಿಂದಲೇ ದೊಡ್ಡ ಬಾಗಿಲು ತೆರೆಯುತ್ತದೆ, ನಿಜ. ಆದರೆ ಅಪ್ಪಣೆಯಿಂದ ತೆರೆದದ್ದನ್ನು ಅಪ್ಪಣೆಯಿಂದ ಮುಚ್ಚಲೂಬಹುದಲ್ಲವೆ? ೧೯೪೯ರ ಏಪ್ರಿಲ್ ೧ರಂದು ಸಂಸ್ಥಾನವು ಮದ್ರಾಸಿನಲ್ಲಿ ವಿಲೀನವಾಯಿತು. ೧೯೫೩ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಸೇರಿತು. ನಡುವೆ, ೧೯೫೧-೫೨ರ ಮಹಾಚುನಾವಣೆಯಲ್ಲಿ ಕಣಿವೆಯ ಜನರೂ ಮತ ಹಾಕಿದರು. ನೋಡಿರಿ, ಮುನ್ನೂರು ವರ್ಷಗಳ ಸಭೆಯಿದ್ದ ದ್ವೀಪದ ಬಡವನೂ ಅರಸರ ಆಳಿಕೆಯಲ್ಲಿದ್ದ ಸಂಡೂರಿನ ಬಡವನೂ ಹೆಚ್ಚುಕಡಿಮೆ ಒಂದೇ ಋತುವಿನಲ್ಲಿ ಮತಪೆಟ್ಟಿಗೆಯ ಮುಂದೆ ನಿಂತರು! ಅನಂತರ ಅರಸರ ಮಗ ಎಂ. ವೈ. ಘೋರ್ಪಡೆಯವರೇ ಪ್ರಜೆಗಳ ಮತ ಬೇಡಿ ವಿಧಾನಸಭೆಗೆ ಹೋಗಿ, ರಾಜ್ಯದ ಅರ್ಥಮಂತ್ರಿಗಳಾದರು.

ನಾವು ಹೋದದ್ದು ೨೦೨೪ರ ನವೆಂಬರಿನಲ್ಲಿ, ವಿಧಾನಸಭೆಯ ಉಪಚುನಾವಣೆಯ ಮತದಾನವಾಗಿ ನಾಲ್ಕೈದು ದಿನಗಳ ಮೇಲೆ. ಸಂತೆಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳ ಎಡಗೈ ಬೆರಳಿನ ಮಸಿ ಇನ್ನೂ ಮಾಸಿರಲಿಲ್ಲ. ನಮ್ಮ ಮನೆಯವರು, "ಮತ ಹಾಕಿದಿರಾ ಅಜ್ಜೀ?" ಎಂದು ವಿಚಾರಿಸಿದರು.

"ಹಾಕೀನವ್ವಾ, ಬಿಡತೀನೇನು? ನಮ್ಮವ್ವ ಅರಸರ ಕಾಲದಾಕಿ. ಏನರ ಕೇಳೂದಿದ್ರ ಅರಮನಿ ಬಾಗಿಲಿಗೆ ಹೋಗಿ ನಿಂದರತಿದ್ಲು. ಈಗ ಅವರ ನಮ್ಮ ಬಾಗಿಲಿಗೆ ಬರತಾರ" ಎಂದು ಆಕೆ ನಕ್ಕಳು. ಮರುಗಳಿಗೆಗೆ ಸೊಪ್ಪಿನ ಮೇಲೆ ಕುಳಿತಿದ್ದ ಕೆಂಧೂಳನ್ನು ನೀರಿನಿಂದ ತೊಳೆಯುತ್ತ, "ಬಂದು ಹೋಗತಾರ. ಈ ಧೂಳಾ ಮಾತ್ರ ಹೋಗವಲ್ದು" ಎಂದಳು.

ಆ ಮಾತು ನಮ್ಮ ಮನಸ್ಸನ್ನು ಚುಚ್ಚಿತು. ಬಾರ್ಬಡೋಸಿನ ಜನಸಂಖ್ಯೆ ಸುಮಾರು ೨ ಲಕ್ಷ ೮೦ ಸಾವಿರ. ಒಬ್ಬ ಪ್ರತಿನಿಧಿಗೆ ಒಂಬತ್ತು ಹತ್ತು ಸಾವಿರ ಜನ. ಸಂಡೂರು ಕ್ಷೇತ್ರದಲ್ಲಿ ಮತದಾರರೇ ಎರಡು ಲಕ್ಷಕ್ಕೆ ಮಿಕ್ಕವರು. ಅವರೆಲ್ಲರಿಗೂ ಸೇರಿ ೨೨೪ ಮಂದಿಯ ವಿಧಾನಸಭೆಯಲ್ಲಿ ಒಂದೇ ಒಂದು ಪೀಠ. ಈ ಬೆಟ್ಟಗಳ ಕಬ್ಬಿಣ, ಮ್ಯಾಂಗನೀಸುಗಳು ದೇಶವಿದೇಶಗಳಿಗೆ ಹೋದವು. ಬಳ್ಳಾರಿಯ ಗಣಿಗಾರಿಕೆ ಮಿತಿಮೀರಿದಾಗ ೨೦೧೧ರಲ್ಲಿ ಅದನ್ನು ತಡೆದದ್ದು ಸರ್ವೋಚ್ಚ ನ್ಯಾಯಾಲಯ. ಅನಂತರವೇ ಕಟ್ಟುಪಾಡುಗಳೊಡನೆ ಅದು ಪುನಃ ಆರಂಭವಾಯಿತು. ಶಾಸನಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ನ್ಯಾಯಾಲಯವು ಕೇಳಬೇಕಾಗಿ ಬಂದಿತು.

ಹಾಗೆಂದು ಹಳೆಯ ದ್ವೀಪವೇ ಮರಳಲೆಂದು ನಾವು ಹಾರೈಸುವುದಿಲ್ಲ. ಸಣ್ಣ ಊರಿನ ದನಿ ದೊಡ್ಡ ಸಭೆಯಲ್ಲಿ ಕರಗಿಹೋಗದಿರಬೇಕಾದರೆ, ಮತ ಹಾಕಿದ ಬೆರಳೇ ಮುಂದಿನ ಐದು ವರ್ಷ ಪ್ರಶ್ನೆಯನ್ನೂ ತೋರಿಸುತ್ತಿರಬೇಕು. ಎದುರು ಸಾಲು ಬರಿದಾದಾಗ ಅಲ್ಲಿ ಹೋಗಿ ಕೂರುವವರೊಬ್ಬರು ಬೇಕು. ಆ ಮುದುಕಿ ತನ್ನ ಸೊಪ್ಪಿನ ಬುಟ್ಟಿಯ ಹಿಂದೆ ಅಂಥ ಸಾಲಿನಲ್ಲಿಯೇ ಕುಳಿತಿದ್ದಳೆಂದು ನಮಗೆ ತೋರಿತು.

ಸಂಜೆ ಕಣಿವೆಯನ್ನು ಬಿಟ್ಟು ಬರುವಾಗ ಬೆಟ್ಟಗಳು ನೀಲಿಯಾಗಿದ್ದವು. ನಾವು ಕೊಂಡ ಸೊಪ್ಪನ್ನು ಮನೆಯಲ್ಲಿ ಮೂರು ಸಲ ತೊಳೆಯಬೇಕಾಯಿತು.