ಅಪ್ಪನ ಸುಮೋ ಮತ್ತು ಒಂದು ಕರೀ ಲೇಪ

ಬಹಳ ದಿನ ಆಯ್ತು ಇಲ್ಲಿ ಬರೆದು. ಒಬ್ಬಿಬ್ಬರು ಮಿತ್ರರು ಮೇಲ್ ಮಾಡಿ "ಏನ್ರೀ, ಎಲ್ಲಿ ಕಾಣೆಯಾದ್ರಿ?" ಅಂತ ಕೇಳಿದ್ರು. ಸತ್ಯ ಹೇಳ್ತೀನಿ, ನಗಬೇಡಿ. ದಸರಾ ರಜೆ ಪೂರ್ತಿ ಊರಲ್ಲಿ ಅಪ್ಪನ ಟಾಟಾ ಸುಮೋದ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದೆ! ಕೈಯಲ್ಲಿ ತಂತಿ ಬ್ರಷ್ಷು, ಕಣ್ಣು ತುಂಬ ಮಣ್ಣು. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಎರಡು ದಿನ ಕುತ್ತಿಗೆ ಹೊರಳಲಿಲ್ಲ.

ನಮ್ಮೂರು ಮೂಡಲಗಿ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಗೆ ಹತ್ತಿರ. (ನಾನು ಶಾಲೆಗೆ ಹೋಗುವಾಗ ಅದು ಗೋಕಾಕ ತಾಲೂಕು. ಈಗಲೂ ಅರ್ಜಿ ತುಂಬುವಾಗ ಕೈ ತಾನಾಗಿಯೇ ಗೋಕಾಕ ಅಂತ ಬರೆದುಬಿಡುತ್ತದೆ.) ಸುಮೋ 1999ರದ್ದು. ಆ ವರ್ಷ ಕಬ್ಬಿನ ಬಿಲ್ಲು ಒಂದೇ ಗಂಟಿನಲ್ಲಿ ಕೈಗೆ ಬಂತೆಂದು ಅಪ್ಪ ಬೆಳಗಾವಿಗೆ ಹೋಗಿ ತಂದದ್ದು. ಮೀಟರು 3,40,000 ಕಿಲೋಮೀಟರ್ ದಾಟಿದೆ. ಅದರಲ್ಲಿ ಮದುವೆಯ ದಿಬ್ಬಣ ಹೋಗಿದೆ, ಯೂರಿಯಾ, ಪೊಟ್ಯಾಶ್ ಚೀಲ ಬಂದಿವೆ, ಯಲ್ಲಮ್ಮನ ಗುಡ್ಡಕ್ಕೆ ಹದಿನಾಲ್ಕು ಮಂದಿ ಒಟ್ಟಿಗೆ ಹೋಗಿದ್ದೇವೆ, ತಂಗಿಯ ಹೆರಿಗೆಗೆ ನಡುರಾತ್ರಿ ಗೋಕಾಕಕ್ಕೆ ಓಡಿದೆ. ಸುಮೋ ಅಂದರೆ ಜಪಾನಿನ ಪೈಲವಾನರು ಅಂತಲೇ ನಾನು ಎಷ್ಟೋ ವರ್ಷ ತಿಳಿದಿದ್ದೆ. ಅಲ್ಲವಂತೆ, ಟೆಲ್ಕೋ ಕಂಪನಿಯನ್ನು ಬೆಳೆಸಿದ ಸುಮಂತ್ ಮೂಳಗಾಂವಕರ್ ಅವರ ಹೆಸರಿನ 'ಸು' ಮತ್ತು 'ಮೋ'! 1994ರಲ್ಲಿ ಬಂದ ಗಾಡಿ, 2019ರಲ್ಲಿ ತಯಾರಿಕೆ ನಿಂತಿತು.

ಆ 2019ಕ್ಕೇ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು.

ತುಕ್ಕನ್ನು ಅಪ್ಪ 'ಜಂಗು' ಅನ್ನುತ್ತಾನೆ. ಹಿತ್ತಾಳೆ ತಾಮ್ರಕ್ಕೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ನಮ್ಮ ಹಿರಿಯರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ ಅನ್ನಿಸುತ್ತದೆ. ತಾಮ್ರದ ಕಿಲುಬು ಲೋಹಕ್ಕೆ ಅಂಟಿಕೊಂಡು ಕೂತು ಒಳಗಿನದಕ್ಕೆ ಒಂದಿಷ್ಟು ರಕ್ಷಣೆ ಕೊಡುತ್ತದೆ. ತುಕ್ಕು ಹಾಗಲ್ಲ. ಕಬ್ಬಿಣ ತುಕ್ಕಾದಾಗ ಅದಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಉಬ್ಬುತ್ತದೆ, ಪದರು ಪದರಾಗಿ ಉದುರುತ್ತದೆ, ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿ ನೀರಿಗೆ ಸಿಗುತ್ತದೆ. ತಿನ್ನುತ್ತಾ ಹೋಗುವ ರೋಗ ಅದು.

ಸಮುದ್ರ ಇಲ್ಲದ ಊರಲ್ಲಿ ಗಾಡಿಗೇಕೆ ಇಷ್ಟು ತುಕ್ಕು? ಮಂಗಳೂರಿನ ನನ್ನ ಸಹೋದ್ಯೋಗಿ ಹಾಗೇ ಕೇಳಿದ್ದ. ಅವನಿಗೆ ನಮ್ಮ ಎರಿ ಮಣ್ಣು ಗೊತ್ತಿಲ್ಲ. ಮಳೆಗಾಲದಲ್ಲಿ ಕಬ್ಬಿನ ಹೊಲದ ದಾರಿಯಲ್ಲಿ ಒಮ್ಮೆ ಹೋಗಿ ಬಂದರೆ ಮಡ್‌ಗಾರ್ಡಿನ ಒಳಗೆ, ಚಾಸಿಯ ಮೂಲೆಯಲ್ಲಿ ಕೈಮುಷ್ಟಿಯಷ್ಟು ಮಣ್ಣು ಕೂತಿರುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ವಾರಗಟ್ಟಲೆ ತೇವ. ಇನ್ನು ಉಪ್ಪು? ಕಾಲುವೆ ನೀರು ಹರಿದು ಹರಿದು ನಮ್ಮ ಕಡೆ ಎಷ್ಟೋ ಜಮೀನು ಸವಳು-ಜವಳಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಎದ್ದಿರುತ್ತದೆ. ಗಾಡಿಗೆ ಮೆತ್ತುವುದು ಅದೇ ಮಣ್ಣು. ಮೇಲೆ ಪೊಟ್ಯಾಶ್ ಚೀಲದಿಂದ ಚೆಲ್ಲಿದ್ದು ಬೇರೆ. ಪೊಟ್ಯಾಶ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಸಾಕ್ಷಾತ್ ದಾಯಾದಿ. ಸಮುದ್ರವೇ ಗಾಡಿಯೊಳಗೆ ಕೂತು ಬಂದ ಹಾಗಾಯ್ತು.

ಅಪ್ಪನಿಗೆ ಈ ಕೆಮಿಸ್ಟ್ರಿ ಏನೂ ಗೊತ್ತಿಲ್ಲ. ಆದರೆ ಪ್ರತಿವರ್ಷ ಮಳೆಗಾಲ ಮುಗಿದು ಖಂಡೇಪೂಜೆಗೆ ಮೊದಲು ಸುಮೋದ ಕೆಳಗೆ ನುಗ್ಗುತ್ತಿದ್ದ. ಒಂದು ಬ್ಯಾಟರಿ, ಒಂದು ಸ್ಕ್ರೂಡ್ರೈವರ್. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ಬಡಿಯುತ್ತಾ ಹೋಗುವುದು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅವ್ವ ಬಾರಿಸಿ ನೋಡುತ್ತಾಳಲ್ಲ, ಥೇಟ್ ಹಾಗೆ. ಗಟ್ಟಿ ತಗಡು ಠಣ್ ಅನ್ನುತ್ತದೆ, ಒಳಗೆ ತಿಂದ ತಗಡು ಥಪ್. ಆಮೇಲೆ ಬೆಳೆಗೆ ಔಷಧಿ ಹೊಡೆಯುವ ಪಂಪಿನಲ್ಲಿ ಸುಟ್ಟ ಆಯಿಲ್ ತುಂಬಿ ಕೆಳಗೆಲ್ಲಾ ಹೊಡೆದುಬಿಡುತ್ತಿದ್ದ. ಮೂರು ದಿನ ಅಂಗಳದಲ್ಲಿ ಕಪ್ಪು ಹನಿ, ಅವ್ವನ ಬೈಗುಳ. ನನಗೆ ಅದೆಲ್ಲ ಹಳ್ಳಿಯ ಹಳೇ ಪದ್ಧತಿ ಅನ್ನಿಸುತ್ತಿತ್ತು. ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡವನು ನಾನು, ಎಲ್ಲಾ ಗೊತ್ತಿದ್ದವನು!

2019ರ ಆಗಸ್ಟ್. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪೇಟೆಯೊಳಗೇ ನೀರು ಬಂತು, ಲೋಳಸೂರ ಸೇತುವೆ ಮುಳುಗಿತು. ನಮ್ಮ ಮನೆಗೆ ರಾತ್ರಿ ನೀರು ಬಂದಾಗ ಅಪ್ಪ ಮೊದಲು ಎಮ್ಮೆಗಳ ಹಗ್ಗ ಬಿಚ್ಚಿದ, ಆಮೇಲೆ ಅವ್ವನನ್ನು ಕರೆದುಕೊಂಡು ಎತ್ತರದ ಶಾಲೆಗೆ ಹೋದ. ಸುಮೋ ಅಲ್ಲೇ ಉಳಿಯಿತು. ಎರಡು ದಿನ ಸೀಟಿನ ಮಟ್ಟ ನೀರಿನಲ್ಲಿ ನಿಂತಿತ್ತು.

ನೀರಿಳಿದ ಮೇಲೆ ನಾನು ಓಡಿ ಬಂದೆ. ಮನೆಯ ಒಂದು ಗೋಡೆ ಬಿದ್ದಿತ್ತು, ಕಬ್ಬು ಮಲಗಿತ್ತು. ಅಪ್ಪ ಯಾವುದಕ್ಕೂ ಮಾತಾಡುತ್ತಿರಲಿಲ್ಲ. ನನಗೆ ಏನಾದರೂ ಒಂದನ್ನು ಸರಿಮಾಡಿ ಕೊಡಬೇಕಿತ್ತು, ಕೈಗೆ ಸಿಕ್ಕದ್ದು ಸುಮೋ. ಎಂಜಿನ್ ಆಯಿಲ್, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್ ಎಲ್ಲಾ ಬದಲಾಯಿತು. ಅದು ಸರಿಯೇ. ಆಮೇಲೆ ನನ್ನ ಬುದ್ಧಿವಂತಿಕೆ. ಗೋಕಾಕದಲ್ಲಿ ಒಂದು ಕಡೆ ಕೊಟ್ಟು ಕೆಳಗೆಲ್ಲಾ ಅಂಡರ್‌ಕೋಟಿಂಗ್ ಹೊಡೆಸಿದೆ. ಬೆಳಿಗ್ಗೆ ನೀರು ಹೊಡೆದು ತೊಳೆದರು, ಸಂಜೆ ಕಪ್ಪಗೆ ಬಳಿದು ಕೊಟ್ಟರು. ನಾನೇ ಅವಸರ ಮಾಡಿದ್ದೆ, ಮರುದಿನ ನನಗೆ ಬಸ್ಸಿತ್ತು. ಮೇಲೆತ್ತಿದ ಗಾಡಿಯ ಹೊಟ್ಟೆ ಹೊಸ ಎಮ್ಮೆಯ ಹಾಗೆ ಮಿರಿ ಮಿರಿ ಮಿಂಚುತ್ತಿತ್ತು. "ಇನ್ನ ನೀ ಕೆಳಗ ಮಲಗೂದು ಬ್ಯಾಡ, ಎಣ್ಣಿನೂ ಹೊಡೀಬ್ಯಾಡ" ಅಂತ ಅಪ್ಪನಿಗೆ ಹೇಳಿ ಬಂದೆ. ಅಪ್ಪ ಹೂಂ ಅಂದ.

2023ರ ಮೇ ತಿಂಗಳು. ಅಪ್ಪ, ನಾನು, ನನ್ನ ಮಗಳು ಮೂವರೂ ಹುಕ್ಕೇರಿಗೆ ಅತ್ತಿ ಮನೆಗೆ ಹೊರಟಿದ್ದೆವು. ಮಗಳಿಗೆ ಹಿಡಕಲ್ ಡ್ಯಾಮ್ ತೋರಿಸೋಣ ಅಂತ ಆ ದಾರಿ ಹಿಡಿದೆವು. ಸ್ಟೀರಿಂಗ್ ಅಪ್ಪನದ್ದೇ. ಇಳಿಜಾರಿನಲ್ಲಿ ಎದುರಿಗೆ ಕುರಿ ಹಿಂಡು ಅಡ್ಡ ಬಂತು. ಅಪ್ಪ ಬ್ರೇಕ್ ಒತ್ತಿದ. ಪೆಡಲ್ ಸೀದಾ ಕೆಳಗೆ ಹೋಯಿತು.

ಅಪ್ಪ ಕೂಗಲಿಲ್ಲ. ಗೇರು ಇಳಿಸಿದ, ಪೆಡಲ್ಲನ್ನು ಮತ್ತೆ ಮತ್ತೆ ಒತ್ತಿದ, ಹ್ಯಾಂಡ್‌ಬ್ರೇಕ್ ಎಳೆದ. ಮುಂದಿನ ಗಾಲಿಗಳ ಬ್ರೇಕು ಅಷ್ಟಿಷ್ಟು ಹಿಡಿಯಿತು. ಗಾಡಿ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಮೂತಿ ಕೊಟ್ಟು ನಿಂತಿತು. ಕುರಿ ಕಾಯುವವನು ಬಂದು ಬಯ್ಯಲು ಬಾಯಿ ತೆಗೆದವನು, ನಮ್ಮ ಮುಖ ನೋಡಿ ಸುಮ್ಮನಾದ. ಮಗಳು ಮಾತ್ರ ಹಿಂದಿನಿಂದ "ತಾತಾ, ನಿಮ್ಮ ಗಾಡೀಲಿ ತೂತು ಇದೆ, ರೋಡ್ ಕಾಣ್ತಿದೆ" ಅಂದಳು. ಬೆಂಗಳೂರಿನಲ್ಲಿ ಬೆಳೆದ ಕೂಸು, ಅವಳಿಗೆ ಅಜ್ಜ ಅಂದರೂ ತಾತನೇ. ಅವಳ ಕಾಲ ಕೆಳಗಿನ ರಬ್ಬರ್ ಮ್ಯಾಟ್ ಸರಿದಿತ್ತು. ಅದರ ಕೆಳಗೆ ತಗಡು ಇರಲಿಲ್ಲ.

ಪರಿಚಯದವರ ಟ್ರ್ಯಾಕ್ಟರ್ ಕರೆಸಿ, ಎಳೆಸಿಕೊಂಡು ಹುಕ್ಕೇರಿ ಮುಟ್ಟಿದೆವು. ಮಿಸ್ತ್ರಿ ಗಾಡಿ ಎತ್ತಿ, ಕೆಳಗೆ ನಿಂತು ಒಂದು ಚಪ್ಪಟೆ ಕಬ್ಬಿಣದಿಂದ ಆ ಕರೀ ಲೇಪವನ್ನು ಎಬ್ಬಿಸಿದ. ದೋಸೆ ಎದ್ದ ಹಾಗೆ ಎದ್ದು ಬಂತು. ಹಿಂದೆಯೇ ಕೆಂಪು ಪುಡಿ ಸುರಿಯಿತು, ಜೊತೆಗೆ 2019ರ ರಾಡಿ! ನಾಲ್ಕು ವರ್ಷದ ಹಿಂದಿನ ಹೊಳೆಯ ಮಣ್ಣು.

"ಅಣ್ಣಾರ, ಇದನ್ನ ಯಾರ ಹಚ್ಚಿಸಿದ್ರಿ?" ಅಂದ.

"ನಾನ."

"ಹಸೀ ಗಾಯಕ್ಕ ಪಟ್ಟಿ ಸುತ್ತೀರಿ ನೋಡ್ರಿ. ಮ್ಯಾಲ ಚಂದ ಕಾಣತೈತಿ, ಒಳಗ ಕೀವು."

ಬ್ರೇಕ್ ಪೈಪ್ ಚಾಸಿಗೆ ಅಂಟಿಕೊಂಡು ಹೋಗುವಲ್ಲಿ ಒಂದು ಕ್ಲಿಪ್ ಇರುತ್ತದೆ. ಆ ಕ್ಲಿಪ್ಪಿನ ಹಿಂದೆ ಕೂತ ಮಣ್ಣನ್ನು ತೆಗೆಯದೆ ಪೈಪಿನ ಸಮೇತ ಬಳಿದುಬಿಟ್ಟಿದ್ದರು. ನೀರು ಒಳಗೇ ಉಳಿದು ಉಕ್ಕಿನ ಪೈಪನ್ನು ತಿಂದಿತ್ತು. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯಲ್ಲಿ ನೀರು ಇಳಿದುಹೋಗಲೆಂದೇ ಕಂಪನಿಯವರು ತೂತು ಬಿಟ್ಟಿರುತ್ತಾರೆ. ಅವೂ ಲೇಪದಲ್ಲಿ ಮುಚ್ಚಿಹೋಗಿದ್ದವು. ಒಳಗೆ ಮ್ಯಾಟಿನ ಕೆಳಗಿನ ಫೆಲ್ಟ್ ಬಟ್ಟೆಯನ್ನು ಅವತ್ತು ಯಾರೂ ಕಿತ್ತು ಒಣಗಿಸಿರಲಿಲ್ಲ. ಅದು ಮೇಲಿನಿಂದ ತಿಂದಿತ್ತು, ಲೇಪದಡಿಯ ನೀರು ಕೆಳಗಿನಿಂದ.

ನಾನು ಅಪ್ಪನ ಮುಖ ನೋಡಲಿಲ್ಲ. ಚಹಾ ಕುಡಿಯುವಾಗ ಕೇಳಿದೆ, "ಯಪ್ಪಾ, ನೀ ಪ್ರತಿವರ್ಷ ಬಾರಿಸಿ ನೋಡ್ತಿದ್ದಿ ಅಲ, ಈ ಸಲ ಗೊತ್ತಾಗಲಿಲ್ಲೇನು?"

"ನೀ ರೊಕ್ಕಾ ಹಾಕಿ ಮಾಡ್ಸಿದ್ದಿ. ಬಡದ್ರ ಬಣ್ಣ ಕೆಡತೈತಿ ಅಂತ ಬಿಟ್ಟೆ."

ಅಷ್ಟೇ. ಅದಾದ ಮೇಲೆ ಇವತ್ತಿನವರೆಗೂ ಅವನು ಆ ವಿಷಯ ಎತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುಮೋ ಹುಕ್ಕೇರಿಯಲ್ಲಿ ಇಪ್ಪತ್ತೆರಡು ದಿನ ಇತ್ತು. ನಾನು ರಜೆ ಮುಂದುವರಿಸಿ ನಾಲ್ಕು ದಿನ ಅಲ್ಲೇ ಕೂತು ನೋಡಿದೆ. ಹಳೇ ಗಾಡಿ ಇಟ್ಟುಕೊಂಡವರು ನಿಮ್ಮಲ್ಲೂ ಇರಬಹುದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲು ಲೇಪ ಪೂರ್ತಿ ಕೆರೆದು ತೆಗೆದದ್ದು. ಇದೇ ಆರು ದಿನದ ಕೆಲಸ. ಆಮೇಲೆ ತೊಳೆದು, ಬಾಗಿಲು ತೆರೆದಿಟ್ಟು ಮೇ ಬಿಸಿಲಲ್ಲಿ ನಾಲ್ಕು ದಿನ ಸುಮ್ಮನೆ ನಿಲ್ಲಿಸಿದ. "ಈ ನಾಕ ದಿನಾ ಪುಕಟ್ ಐತ್ರಿ, ಆದ್ರ ಇದ ಖರೇ ಕೆಲಸ" ಅಂದ ಮಿಸ್ತ್ರಿ. ತೂತು ಬಿದ್ದ ತಗಡನ್ನು ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ಹೊಸ ತಗಡು ಬೆಸೆದ. ಬೆಸೆಯುವ ಮೊದಲು ಬ್ಯಾಟರಿ ಕಳಚಿದ, ಡೀಸೆಲ್ ಟ್ಯಾಂಕ್ ಇಳಿಸಿದ. ಅಪ್ಪ ವರ್ಷಗಟ್ಟಲೆ ಹೊಡೆದ ಸುಟ್ಟ ಆಯಿಲನ್ನು ಉಜ್ಜಿ ತೆಗೆಸಿದ, ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ ಎಂದು. ಆ ಆಯಿಲ್ ವಿಷಯದಲ್ಲಿ ಅಪ್ಪನಿಗೂ ಒಂದು ಪಾಠ ಆಯಿತು ಅನ್ನಿ. ಕಬ್ಬಿಣಕ್ಕೆ ಅದರಿಂದ ಒಂದಿಷ್ಟು ಲಾಭ ನಿಜ, ಆದರೆ ಬುಷ್ಷು, ಹೋಸ್ ಪೈಪಿನ ರಬ್ಬರು ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಅಂಗಳದಲ್ಲಿ ತೊಟ್ಟಿಕ್ಕಿದ್ದು ಬಾವಿಗೆ ಇಳಿಯುವುದು ಬೇರೆ.

ತೂತಾಗದೆ ಮೇಲೆ ಮೇಲೆ ಹಿಡಿದ ತುಕ್ಕಿಗೆ ತಂತಿ ಬ್ರಷ್, ಆಮೇಲೆ ಕನ್ವರ್ಟರ್ ಅಂತ ಒಂದು ದ್ರವ. ಫಾಸ್ಫಾರಿಕ್ ಆಸಿಡ್ ಇರುವಂಥದ್ದು, ಕೆಲವದರಲ್ಲಿ ಟ್ಯಾನಿನ್ನೂ ಇರುತ್ತದೆ. ಹಚ್ಚಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದರಲ್ಲ, ಆ ಟ್ಯಾನಿನ್ನಿನದೇ ಕಥೆ. ಆದರೆ ಡಬ್ಬಿಯ ಮೇಲಿನ ಜಾಹೀರಾತು ನಂಬಬೇಡಿ, ಹೋದ ಕಬ್ಬಿಣ ವಾಪಸ್ ಬರುವುದಿಲ್ಲ. ಉದುರುವ ತುಕ್ಕಿನ ಮೇಲೆ ಹಚ್ಚಿದರೆ ದಂಡ. ಸಣ್ಣಪುಟ್ಟ ಬ್ರಾಕೆಟ್ಟು, ಬೋಲ್ಟುಗಳನ್ನು ಮಿಸ್ತ್ರಿ ಒಂದು ಡ್ರಮ್ಮಿನಲ್ಲಿ ಮುಳುಗಿಸಿಟ್ಟಿದ್ದ. ವಾಸನೆ ನೋಡಿ ಏನಿದು ಅಂದೆ. ದನದ ಮೇವಿಗೆ ತಂದ ಕಾಕಂಬಿ, ಒಂದಕ್ಕೆ ಒಂಬತ್ತು ಪಾಲು ನೀರು! ಎರಡು ವಾರದಲ್ಲಿ ತುಕ್ಕೆಲ್ಲ ಕರಗಿ ಬೂದು ಬಣ್ಣದ ಕಬ್ಬಿಣ ಹೊರಗೆ ಬಂತು. (ಅಲ್ಯುಮಿನಿಯಂ ಮಾತ್ರ ಅದರಲ್ಲಿ ಹಾಕಬಾರದು, ಅದನ್ನೇ ತಿಂದುಬಿಡುತ್ತದೆ.) ಕಬ್ಬಿನ ಸೀಮೆಯವನಾಗಿ ನನಗೆ ಇದು ಗೊತ್ತಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಆಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೈ, ಸಂದುಗಳಿಗೆ ಸೀಲೆಂಟ್, ಅದರ ಮೇಲೆ ಚಾಸಿ ಬ್ಲ್ಯಾಕ್. ಟೊಳ್ಳು ಪಟ್ಟಿಗಳ ಒಳಗೆ ಸಣ್ಣ ನಳಿಕೆ ತೂರಿಸಿ ಮೇಣದಂಥ ದ್ರವ ಸಿಂಪಡಿಸಿದ. ಬ್ರೇಕ್ ಪೈಪ್ ಹಿಂದಿನಿಂದ ಮುಂದಿನವರೆಗೆ ಪೂರ್ತಿ ಹೊಸದು, ಅದರ ಮೇಲೆ ಯಾವ ಲೇಪವೂ ಇಲ್ಲ. ಕಣ್ಣಿಗೆ ಕಾಣುತ್ತಿರಬೇಕು ಅಂದ. ನೀರಿಳಿಯುವ ತೂತುಗಳನ್ನು ಒಂದೊಂದಾಗಿ ತಂತಿ ಹಾಕಿ ತೋರಿಸಿದ.

ಒಟ್ಟು 41,000 ರೂಪಾಯಿ. ಗಾಡಿ ಮಾರಿದರೆ ಅಷ್ಟು ಬರುತ್ತಿತ್ತೋ ಇಲ್ಲವೋ. ಗುಜರಿಗೆ ಹಾಕೋಣ ಅಂತ ನಾನೂ ಒಮ್ಮೆ ಅಂದೆ. "ಕೆಜಿ ಲೆಕ್ಕದಾಗ ತೂಗಿ ಕೊಡ್ಲೇನು ಇದನ್ನ?" ಅಂದ ಅಪ್ಪ. 2024ರಲ್ಲಿ ಆರ್‌ಸಿ ನವೀಕರಣ ಆಯಿತು, 5,000 ಶುಲ್ಕ. 2022ರ ಏಪ್ರಿಲ್‌ಗೆ ಮೊದಲು ಅದು 600 ಇತ್ತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಮುಂದಿನ ಸರದಿ 2029ಕ್ಕೆ, ಆವಾಗ ನೋಡೋಣ.

ಅಪ್ಪನಿಗೆ ಈಗ ಎಪ್ಪತ್ನಾಲ್ಕು. ಮಂಡಿ ಮಡಚಲು ಬರುವುದಿಲ್ಲ, ಗಾಡಿಯ ಕೆಳಗೆ ಹೋಗಲಾರ. ಹಾಗಾಗಿ ಈಗ ದಸರಾಕ್ಕೆ ನಾನೇ ಹೋಗುತ್ತೇನೆ. ಅಪ್ಪ ಪಕ್ಕದಲ್ಲಿ ಹೊರಸು ಹಾಕಿಸಿಕೊಂಡು ಕೂರುತ್ತಾನೆ. ಈ ಸಲವೂ ಹಾಗೇ, ನಾನು ಮುಂದಿನಿಂದ ಬಡಿಯುತ್ತಾ ಹಿಂದಕ್ಕೆ ಸರಿದೆ. ಠಣ್, ಠಣ್, ಠಣ್. ಹಿಂದಿನ ಎಡಗಾಲಿಯ ಹತ್ತಿರ ಬಂದಾಗ ಮೇಲಿಂದ ದನಿ ಬಂತು.

"ತಡಿ. ಅಲ್ಲೇ ಇನ್ನೊಮ್ಮೆ ಬಾರ್ಸು."

ಬಾರಿಸಿದೆ. ನನಗೆ ಠಣ್ ಅಂದ ಹಾಗೇ ಕೇಳಿತು.

"ಇಲ್ಲ. ಕೆರದ ನೋಡು."

ಕೆರೆದೆ. ಬಣ್ಣದ ಕೆಳಗೆ ಉಗುರಿನಷ್ಟು ಅಗಲ ಒಂದು ಗುಳ್ಳೆ, ಒಳಗೆ ಕೆಂಪು ಪುಡಿ. ಗುಳ್ಳೆ ಸುತ್ತ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದೆ. ಅವ್ವ ಚಹಾ ತಂದಳು. ಅಪ್ಪ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಾ, ಬ್ರಷ್ ಹಿಂಬದಿಯ ಗೂಟಕ್ಕೆ ತೂಗುಹಾಕಿದೆ ಅಂತ ಹೇಳಿದ.