ಕಾಕಾರ ಎರಡು ಕಿಸೆಗಳು

ವ್ಯಾಪಾರದ ಮನೆಯಲ್ಲಿ ಬೆಳೆದವರು ಹೊಸ ಮಾಲು ಕೈಗೆ ಬಂದಾಗ ಎರಡು ಪ್ರಶ್ನೆ ಕೇಳುತ್ತಾರೆ: ದರವೇನು? ಕೆಟ್ಟರೆ ತಿರುಗಿ ತೆಗೆದುಕೊಳ್ಳುವವರು ಯಾರು? ಸಾಂಗ್ಲಿಯ ಗಣಪತಿ ಪೇಟೆಯಲ್ಲಿ ನಮ್ಮದು ಅರಿಷಿಣದ ಅಡತಿ ವ್ಯಾಪಾರ. ಮಾಲಿನಲ್ಲಿ ಹುಳ ಬಿದ್ದಿದೆ, ಹಸಿ ಇದೆ, ತೂಕ ಕಡಿಮೆ ಬಂತು ಎಂದು ದೂರು ಬಂದರೆ ವಹಿ ತೆಗೆದು ಅದು ಯಾರ ಮಾಲು, ಯಾವ ದಿನದ ಸೌದಾ ಎಂದು ಹೇಳಬಹುದು. ಜಗಳವಾಗುತ್ತದೆ ನಿಜ. ಆದರೆ ಜಗಳವಾಡಲು ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. 2010ರ ದೀಪಾವಳಿಯಲ್ಲಿ ನಮ್ಮ ಮನೆಗೆ ಬಂದ ಬ್ಯಾಟರಿ ಸಿಗರೇಟಿನ ಹಿಂದೆ ಅಂಥ ಮನುಷ್ಯ ಯಾರೂ ಇರಲಿಲ್ಲ. ಅದನ್ನು ನಂಬಿ ಕುಳಿತದ್ದು ಮಾತ್ರ ನಮ್ಮ ಕಾಕಾರ ಎದೆ.

ತಂಬಾಕು ನಮ್ಮ ಸೀಮೆಗೆ ಹೊರಗಿನದಲ್ಲ. ಇತ್ತ ಜಯಸಿಂಗಪುರ, ಅತ್ತ ನಿಪ್ಪಾಣಿ, ಎರಡೂ ಬೀಡಿ ತಂಬಾಕಿನ ಹೆಸರಾಂತ ಪೇಟೆಗಳು. ನಮ್ಮ ಸಮಾಜದ ಎಷ್ಟೋ ಮನೆತನಗಳು ಆ ವ್ಯಾಪಾರದಿಂದಲೇ ಮಾಡಿ ಕಟ್ಟಿಸಿದವು. ಪಾಠಶಾಲೆಯಲ್ಲಿ ವ್ಯಸನ ಬಿಡಬೇಕೆಂದು ಕಲಿತ ಹುಡುಗ ಮರುದಿನ ತಂಬಾಕಿನ ವಖಾರಿಯಲ್ಲಿ ತೂಕದ ಚೀಟಿ ಬರೆಯುವುದು ನಮ್ಮ ಕಡೆ ವಿಚಿತ್ರವೇನಲ್ಲ. ನಮ್ಮ ಕಾಕಾ ಬೀಡಿ ಹಿಡಿದದ್ದು ಅಂಥ ವಖಾರಿಯಲ್ಲಿಯೇ, ಹದಿನಾರನೆಯ ವಯಸ್ಸಿಗೆ. ಅಡತಿಯ ಗಾದಿಗೆ ಬಂದ ಮೇಲೆ ಅದು ಸಿಗರೇಟಾಯಿತು. ದಿನಕ್ಕೆ ಎರಡು ಪಾಕೀಟು. ನಮ್ಮ ಅಜ್ಜ ಕೆಮ್ಮಿ ಕೆಮ್ಮಿಯೇ ಹೋದವರು. ಕಾಕಾರ ಕೆಮ್ಮು ಕೇಳಿದಾಗಲೆಲ್ಲ ಆಯಿ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು.

ಮಿರಜದ ಡಾಕ್ಟರರು ಎದೆಯ ಫೋಟೊ ತೆಗೆಸಿ, ಕೊಳವೆಯಲ್ಲಿ ಊದಿಸಿ ನೋಡಿ, ಶ್ವಾಸನಾಳಗಳು ಕಿರಿದಾಗತೊಡಗಿವೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿರಿ ಎಂದರು. ಅದೇ ಸಮಯಕ್ಕೆ ಮಿರಜದಲ್ಲಿ ಮೊಬೈಲು, ಚಾರ್ಜರು, ಟಾರ್ಚು ಮಾರುವ ನಮ್ಮ ಮಾಮಾನ ಮಗ ಮುಂಬಯಿಯ ಸಗಟು ಪೇಟೆಯಿಂದ ಒಂದು ಡಜನ್ ಬ್ಯಾಟರಿ ಸಿಗರೇಟು ತಂದಿದ್ದ. ಅದರಲ್ಲಿ ಒಂದನ್ನು ಕಾಕಾರಿಗೆ ಕೊಟ್ಟ.

ವಸ್ತು ನೋಡಲು ಚೆಂದ. ಬಿಳಿಯ ಕೊಳವೆ, ತುದಿಗೆ ಸಣ್ಣ ಕೆಂಪು ದೀಪ. ಒಳಗೆ ಮೂರು ಭಾಗ: ಹಿಂದೆ ಲಿಥಿಯಂ ಬ್ಯಾಟರಿ, ನಡುವೆ ಸುರುಳಿ ತಂತಿ, ಬಾಯಿಯ ಕಡೆಗೆ ನಿಕೋಟಿನ್ ಬೆರೆಸಿದ ದ್ರವ ಹೀರಿಕೊಂಡ ಹತ್ತಿಯಂಥ ತುಂಬುಗೆ. ಉಸಿರು ಎಳೆದಾಗ ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ. ಅದನ್ನು ಒಂದು ಪುಟ್ಟ ಸ್ವಿಚ್ಚು ಗುರುತಿಸಿ ವಿದ್ಯುತ್ತು ಬಿಡುತ್ತದೆ, ತಂತಿ ಕಾಯುತ್ತದೆ, ದ್ರವ ಆವಿಯಾಗುತ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ.

"ಬೆಂಕೀನೂ ಇಲ್ಲ, ಬೂದೀನೂ ಇಲ್ಲ, ಇನ್ನ ನಿಯಮಕ್ಕ ಏನೂ ಬಾಧೆ ಇಲ್ಲ ನೋಡವ್ವಾ" ಎಂದು ಕಾಕಾ ಉತ್ಸಾಹದಿಂದ ಹೇಳಿದರು.

"ಚಟ ಐತಿಲ್ಲೊ?" ಎಂದಳು ಆಯಿ. ಆ ವಾದ ಅಲ್ಲಿಗೇ ಮುಗಿಯಿತು.

ಮೊದಲ ವಾರ ಮನೆಯಲ್ಲಿ ಹಬ್ಬವೇ. ಕಾಕಾರ ಅಂಗಿಗೆ ವಾಸನೆ ಇಲ್ಲ, ಗಾದಿಯ ಮೇಲೆ ಸುಟ್ಟ ಕಲೆ ಇಲ್ಲ. ಎರಡನೆಯ ವಾರದಿಂದ ಬ್ಯಾಟರಿಯ ಕಥೆ ಶುರುವಾಯಿತು.

ಲೆಕ್ಕ ನಮಗೆ ರಕ್ತದಲ್ಲಿ ಬಂದದ್ದು. ಸೌದಾದ ಚೀಟಿಯ ಹಿಂದೆಯೇ ಮಾಡಿದೆವು. ಆ ಕಾಲದ ಸಣ್ಣ ಕೊಳವೆಗಳಲ್ಲಿ ಇರುತ್ತಿದ್ದದ್ದು ಸುಮಾರು 180 ಮಿಲಿ ಆಂಪಿಯರ್ ಅವರ್ ಸಾಮರ್ಥ್ಯದ, 3.7 ವೋಲ್ಟಿನ ಬ್ಯಾಟರಿ. ಸುರುಳಿ ತಂತಿ ಕಾಯಲು ಹೆಚ್ಚುಕಡಿಮೆ ಒಂದೂವರೆ ಆಂಪಿಯರ್ ಬೇಕು. ಅಂದರೆ ಒಂದು ಚಾರ್ಜಿಗೆ ತಂತಿ ಕಾಯುವ ಒಟ್ಟು ಅವಧಿ ಏಳು ನಿಮಿಷದ ಮೇಲೆ ಸ್ವಲ್ಪ. ಒಂದು ಸಲ ಎಳೆಯಲು ಮೂರು ಸೆಕೆಂಡು ಹಿಡಿದರೆ 144 ಸಲ. ಒಂದು ಸಿಗರೇಟಿಗೆ ಹತ್ತು ಹನ್ನೆರಡು ಸಲ ಎಳೆಯುವವರಿಗೆ ಹನ್ನೆರಡು ಹದಿನಾಲ್ಕು ಸಿಗರೇಟಿನ ಸಮ. ಇದು ಕಾಗದದ ಮೇಲಿನ ಲೆಕ್ಕ. ಬ್ಯಾಟರಿ ಬರಿದಾಗುತ್ತ ಹೋದಂತೆ ವೋಲ್ಟೇಜು ಇಳಿಯುತ್ತದೆ, ಆವಿ ತೆಳುವಾಗುತ್ತದೆ, ಸೇದುವವರು ಇನ್ನೂ ಜೋರಾಗಿ, ಇನ್ನೂ ಉದ್ದವಾಗಿ ಎಳೆಯುತ್ತಾರೆ. ಹೀಗೆ ಲೆಕ್ಕ ಅರ್ಧಕ್ಕೆ ಬರುತ್ತದೆ. ಎರಡು ಪಾಕೀಟಿನ ಮನುಷ್ಯನಿಗೆ ಅರ್ಧ ಪಾಕೀಟಿನ ಬ್ಯಾಟರಿ!

ಬೆಳಿಗ್ಗೆ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಲಿಲಾವು ನಡೆಯುತ್ತಿರುತ್ತದೆ. ದರ ಏರುತ್ತಿದೆ, ಖರೀದಿದಾರರು ಕೂಗುತ್ತಿದ್ದಾರೆ, ಕಾಕಾರ ಕೈ ತಾನಾಗಿಯೇ ಬಲಗಿಸೆಗೆ ಹೋಗುತ್ತದೆ. ಎಳೆದರೆ ತುದಿಯ ಕೆಂಪು ದೀಪ ಪಟಪಟ ಮಿಣುಕಿ ಆರಿಹೋಗುತ್ತದೆ. ತಿರುಗಿ ಚಾರ್ಜಾಗಲು ಎರಡು ತಾಸು ಬೇಕು. ಆಗ ಕೈ ಎಡಗಿಸೆಗೆ ಹೋಗುತ್ತದೆ. ಅಲ್ಲಿ "ಅಡಚಣೀಗೆ ಇರ್ಲಿ" ಎಂದು ಇಟ್ಟುಕೊಂಡ ಹಳೆಯ ಪಾಕೀಟು.

ಚಾರ್ಜು ಮಾಡುವುದೂ ಆಗ ಸುಲಭವಿರಲಿಲ್ಲ. ಆ ವರ್ಷಗಳ ಲೋಡ್ ಶೆಡ್ಡಿಂಗ್ ನಮ್ಮ ವಾಚಕರಿಗೆ ನೆನಪಿರಲೇಬೇಕು. ಮಹಾರಾಷ್ಟ್ರದಲ್ಲಿ ದಿನದ ಎಷ್ಟೋ ತಾಸು ವಿದ್ಯುತ್ತು ಇರುತ್ತಿರಲಿಲ್ಲ. ಅಂಗಡಿಯ ಇನ್ವರ್ಟರು ತೂಕದ ಯಂತ್ರಕ್ಕೂ ಒಂದು ಟ್ಯೂಬಲೈಟಿಗೂ ಸಾಕಾಗುತ್ತಿತ್ತು. ಕಾಕಾ ಅದಕ್ಕೆ ಸಿಗರೇಟು ಚುಚ್ಚಲು ಬಂದರೆ ದಿವಾನಜಿ ಮುಖ ಗಂಟು ಹಾಕುತ್ತಿದ್ದರು.

ಮಾಮಾನ ಮಗ ಎರಡನೆಯ ಬ್ಯಾಟರಿ ಕೊಟ್ಟ, ಮೂರನೆಯದನ್ನೂ ಕೊಟ್ಟ. ಒಂದೊಂದು ಒಂದೊಂದು ರೀತಿಯಲ್ಲಿ ಸತ್ತಿತು. ತುಂಬುಗೆಯ ದ್ರವ ಹಿಂದಕ್ಕೆ ಸೋರಿ ಗಾಳಿಯ ಸ್ವಿಚ್ಚಿಗೆ ಇಳಿದರೆ ಅದು ಎಷ್ಟು ಎಳೆದರೂ ಹೊತ್ತುವುದಿಲ್ಲ, ಇಲ್ಲವೇ ಯಾರೂ ಎಳೆಯದಿದ್ದರೂ ತಾನೇ ಹೊತ್ತಿಕೊಂಡು ಕಿಸೆಯಲ್ಲಿ ಕಾಯುತ್ತದೆ. ಇದು ನಮ್ಮ ಒಂದರ ದೋಷವಲ್ಲ. ಸ್ವಿಚ್ಚು ದ್ರವದ ದಾರಿಯಲ್ಲಿಯೇ ಕುಳಿತ ಆ ರಚನೆಯ ದೋಷ. ತಿರುಪನ್ನು ಸ್ವಲ್ಪ ಬಿಗಿಯಾಗಿ ತಿರುಗಿಸಿದರೆ ನಡುವಿನ ಹಿತ್ತಾಳೆಯ ಬಿಂದು ಒಳಗೆ ಒತ್ತಿಹೋಗಿ ಸಂಪರ್ಕ ತಪ್ಪುತ್ತದೆ. ಕಾಕು ಹೊಲಿಗೆಯ ಸೂಜಿಯಿಂದ ಅದನ್ನು ಮೇಲೆತ್ತಿಕೊಡುತ್ತಿದ್ದಳು. "ಬಿಡಸಾಕ ಬಂದಿದ್ದ ಸಾಮಾನ ನಮ್ಮನ್ನ ರಿಪೇರಿಗೆ ಹಚ್ಚಿತಲ್ರಿ" ಎಂದು ಆಕೆ ನಗುತ್ತಿದ್ದಳು. ದ್ರವ ಒಣಗಿದಾಗ ತಂತಿ ಸುಟ್ಟು ಕಮಟು ರುಚಿ ಬರುತ್ತಿತ್ತು. ಸೋರಿದ ದ್ರವ ಕೈಗೆ ಹತ್ತಿದರೆ ಸಾಬೂನು ಹಚ್ಚಿ ತೊಳೆಯಬೇಕು, ಏಕೆಂದರೆ ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ನಾಲ್ಕು ತಿಂಗಳಿಗೆ ನೋಡಿದರೆ ಕಾಕಾ ಸಿಗರೇಟು ಬಿಟ್ಟಿರಲೇ ಇಲ್ಲ. ಬಲಗಿಸೆಯದು ನಡೆಯುವಾಗ ಅದು, ನಡೆಯದಾಗ ಇದು. ಬ್ಯಾಟರಿ ಸಿಗರೇಟನ್ನು ಮನೆಯೊಳಗೂ ಸೇದಬಹುದಾಗಿದ್ದರಿಂದ ಕೈ ಬಾಯಿಗೆ ಹೋಗುವುದು ಮೊದಲಿಗಿಂತ ಹೆಚ್ಚೇ ಆಗಿತ್ತು. ನಮ್ಮ ಅಭಿಪ್ರಾಯ ಇಷ್ಟೇ: ಊರುಗೋಲು ನಡುದಾರಿಯಲ್ಲಿ ಮುರಿಯುವುದೆಂದು ಗೊತ್ತಾದ ಮೇಲೆ ಯಾರೂ ಅದರ ಮೇಲೆ ಭಾರ ಹಾಕುವುದಿಲ್ಲ. ನೆಚ್ಚಲಾಗದ ಬ್ಯಾಟರಿ ಎಡಗಿಸೆಯ ಪಾಕೀಟನ್ನು ಕಾಯಂ ಮಾಡಿತು.

ಇಂಥ ಯಂತ್ರದ ಕಲ್ಪನೆ ಮಾತ್ರ ಬಹಳ ಹಳೆಯದು. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬ ಗುಜರಿ ವ್ಯಾಪಾರಿ 1963ರಲ್ಲಿಯೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟು ಕೇಳಿದ್ದ. 1965ರಲ್ಲಿ ಅದು ಸಿಕ್ಕಿತು. ಅದು ಪೇಟೆಗೆ ಬರಲಿಲ್ಲ. ಕಿಸೆಯಲ್ಲಿ ಹಿಡಿಸುವ, ತಿರುಗಿ ತುಂಬಬಹುದಾದ ಲಿಥಿಯಂ ಅಯಾನ್ ಬ್ಯಾಟರಿಯನ್ನು ಜಪಾನಿನ ಸೋನಿ ಮಾರಾಟಕ್ಕೆ ತಂದದ್ದು 1991ರಲ್ಲಿ. ಆಮೇಲೆ 2003ರಲ್ಲಿ ಚೀನದ ಹಾನ್ ಲಿಕ್ ಎಂಬ ಔಷಧತಜ್ಞ ಈಗಿನ ಮಾದರಿಗೆ ಪೇಟೆಂಟು ಹಾಕಿದ. ಆತನೂ ಸೇದುವವನೇ, ಆತನ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ನಮ್ಮ ಮನೆಯ ಕಥೆಯಂತೆಯೇ ಇದೆ ಎಂದು ಆಗ ಅನಿಸಿತ್ತು. ಆಶಯ ಖೋಟಾ ಅಲ್ಲ. ಆದರೆ ಸಿಗರೇಟಿನ ಗಾತ್ರಕ್ಕೇ ಇರಬೇಕೆಂಬ ಹಟದಿಂದ ಬ್ಯಾಟರಿಯನ್ನು ಪೆನ್ಸಿಲಿನಷ್ಟು ಮಾಡಿದರು, ಮತ್ತು ಅದರಿಂದ ಆಳಿನ ಕೆಲಸ ಕೇಳಿದರು. ಮುಂದಿನ ವರ್ಷಗಳಲ್ಲಿ ದೊಡ್ಡ ಬ್ಯಾಟರಿ, ಗುಂಡಿ ಒತ್ತುವ ಸ್ವಿಚ್ಚು ಇರುವವು ಬಂದವು. ಅವು ಹೆಚ್ಚು ಹೊತ್ತು ನಡೆದವು, ಅಪಾಯವೂ ಹೆಚ್ಚಿತು.

ಅಪಾಯದ ಮಾತು ನಮಗೆ ಒಂದು ಮಧ್ಯಾಹ್ನ ಅಡತಿಯಲ್ಲಿಯೇ ತಿಳಿಯಿತು. ಕಾಕಾ ಚಾರ್ಜಿಗೆ ಹಚ್ಚಿ ಊಟಕ್ಕೆ ಹೋಗಿದ್ದರು. ವಾಸನೆ ಬಂದು ನೋಡಿದರೆ ಚಾರ್ಜರಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಮೇಜಿಗೆ ಅಂಟಿತ್ತು, ಕೊಳವೆ ಮುಟ್ಟಲಾಗದಷ್ಟು ಕಾದಿತ್ತು. ನಾಲ್ಕು ಮೊಳದ ಆಚೆ ಗೋಣಿಚೀಲಗಳ ಥಪ್ಪಿ. ಅದರಲ್ಲಿ ಇದ್ದದ್ದು ರೈತರ ಮಾಲು, ನಮ್ಮದಲ್ಲ. ಆ ದಿನದಿಂದ ಅಡತಿಯಲ್ಲಿ ಅದನ್ನು ಚಾರ್ಜು ಮಾಡಕೂಡದೆಂದು ನಮ್ಮ ತಂದೆ ನಿಷೇಧ ಹಾಕಿದರು. ಕಾಕಾ ಎದುರಾಡಲಿಲ್ಲ.

ಲಿಥಿಯಂ ಬ್ಯಾಟರಿ 4.2 ವೋಲ್ಟಿಗೆ ತುಂಬಿದ ಮೇಲೆ ಚಾರ್ಜು ನಿಲ್ಲಬೇಕು. ನಿಲ್ಲಿಸುವ ಸಣ್ಣ ಸರ್ಕೀಟು ಅಗ್ಗದ ಮಾಲಿನಲ್ಲಿ ಕೆಲಸ ಮಾಡದಿದ್ದರೆ, ಇಲ್ಲವೇ ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಚ್ಚಿದರೆ, ಒಳಗಿನ ಶಾಖ ಶಾಖವನ್ನೇ ಹೆಚ್ಚಿಸುತ್ತ ಹೋಗುತ್ತದೆ. ಮೊಬೈಲಿನ ಚಪ್ಪಟೆ ಬ್ಯಾಟರಿ ಊದಿಕೊಳ್ಳಬಲ್ಲದು. ಲೋಹದ ಕೊಳವೆಯಲ್ಲಿ ಬಿಗಿದದ್ದಕ್ಕೆ ತುದಿಯಿಂದ ಹಾರುವುದೊಂದೇ ದಾರಿ, ದೀಪಾವಳಿಯ ಬಾಣದ ಹಾಗೆ. 2012ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬರ ಬಾಯಲ್ಲಿಯೇ ಇದು ಸಿಡಿದು ಹಲ್ಲುಗಳೂ ನಾಲಿಗೆಯ ಭಾಗವೂ ಹೋದವು. ಅಲ್ಲಿನ ಅಗ್ನಿಶಾಮಕ ಆಡಳಿತ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ 2009ರಿಂದ ಅದುವರೆಗಿನ 25 ಘಟನೆಗಳಿದ್ದವು. ನೂರಕ್ಕೆ 80 ಚಾರ್ಜು ಮಾಡುವಾಗಲೇ ಆದವು. 2016ರ ಕೊನೆಯವರೆಗೆ ಎಣಿಸಿದಾಗ ಅವು 195ಕ್ಕೆ ಮುಟ್ಟಿದ್ದವು. ವಿಮಾನದ ಹೊಟ್ಟೆಯಲ್ಲಿ ಹೋಗುವ ಸಾಮಾನಿನೊಳಗೆ ಇವನ್ನು ಇಡಬಾರದೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲಿ ನಿಯಮ ಮಾಡಿತು.

ಇನ್ನು ಮಿರಜದ ಅಂಗಡಿಯ ಮಾತು. ಡಜನ್ನಿನಲ್ಲಿ ಕಾಕಾರದು ಬಿಟ್ಟು ಒಂಬತ್ತು ಮಾರಿ ಹೋಗಿದ್ದವು. ಒಂದೊಂದಾಗಿ ಏಳು ತಿರುಗಿ ಬಂದವು. ಗಿರಾಕಿಗಳೆಲ್ಲ ಪರಿಚಯದವರೇ: ಒಬ್ಬ ರೈಲ್ವೆಯ ನೌಕರ, ಒಬ್ಬ ಸಿತಾರ್ ಮಾಡುವ ಕುಶಲಕರ್ಮಿ, ಒಬ್ಬರು ಶಾಲಾ ಮಾಸ್ತರರು. ಎಲ್ಲರೂ ಬಿಡಬೇಕೆಂದೇ ಕೊಂಡವರು, ಚೈನಿಗೆ ಕೊಂಡವರಲ್ಲ. ಮಾಮಾನ ಮಗ ಮುಂಬಯಿಗೆ ಫೋನು ಮಾಡಿದ. "ಹಳೇದು ಬಿಸಾಡಿ, ಹೊಸ ಡಜನ್ ತಗೊಳ್ಳಿ, ಹತ್ತು ಟಕ್ಕೆ ಕಡಿಮೆ ಹಾಕ್ತೀವಿ" ಎಂದು ಆ ಕಡೆಯಿಂದ ಉತ್ತರ. ಡಬ್ಬಿಯ ಮೇಲೆ ತಯಾರಕರ ವಿಳಾಸವೇ ಇರಲಿಲ್ಲ. ಏಳು ಜನರಿಗೂ ಆತ ಹಣ ತಿರುಗಿ ಕೊಟ್ಟ. ಸಿತಾರ್ ಮಾಡುವವರು ಮಾತ್ರ ತೆಗೆದುಕೊಳ್ಳಲು ಒಪ್ಪಲಿಲ್ಲ. "ತಂತಿಯ ಕೆಲಸ ಕೆಡುವುದು ನನಗೆ ಗೊತ್ತು ಬಿಡಿ" ಎಂದರಂತೆ. ಆತ ಒತ್ತಾಯಿಸಿ ಕೊಟ್ಟ.

ಕಾಕಾ ಬಿಟ್ಟದ್ದು 2013ರಲ್ಲಿ, ಅದೂ ಒಮ್ಮೆಲೇ ಅಲ್ಲ. ಮಿರಜದ ಅದೇ ಡಾಕ್ಟರರು ನಿಕೋಟಿನ್ ಗಮ್ಮು ಬರೆದುಕೊಟ್ಟು, ಎಷ್ಟು ಅಗಿಯಬೇಕು, ಯಾವಾಗ ದವಡೆಯಲ್ಲಿ ಸುಮ್ಮನೆ ಇಟ್ಟುಕೊಳ್ಳಬೇಕು ಎಂದು ಎದುರಿಗೆ ಕೂಡಿಸಿ ಕಲಿಸಿದರು. ಪ್ರತಿ ಹದಿನೈದು ದಿನಕ್ಕೆ ಬಂದು ತೋರಿಸಬೇಕೆಂದರು. ದಶಲಕ್ಷಣ ಪರ್ವದ ಹತ್ತು ದಿನ ಕಾಕಾ ನಿಯಮ ಹಿಡಿದರು. ಹನ್ನೊಂದನೆಯ ದಿನ ಕಾಕು ಅಂಗಿಯ ಎಡಗಿಸೆಯನ್ನೇ ಹೊಲಿದುಬಿಟ್ಟಳು. ಇಚಲಕರಂಜಿಯ ಒಂದು ಮದುವೆಯಲ್ಲಿ ಗೆಳೆಯರ ನಡುವೆ ಒಂದು ಸೇದಿದರೆಂದು ಸುದ್ದಿ ಬಂತು. ಆಯಿ ಏನೂ ಅನ್ನಲಿಲ್ಲ. ಮರುದಿನ ಗಮ್ಮಿನ ಡಬ್ಬಿಯನ್ನು ತಾಟಿನ ಬದಿಗೆ ಇಟ್ಟಳು, ಅಷ್ಟೇ. ಆಮೇಲೆ ಅವರು ಸೇದಿಲ್ಲ. ಡಾಕ್ಟರರು ಹೇಳಿದಂತೆ ಹೋದ ಉಸಿರು ತಿರುಗಿ ಬಂದಿಲ್ಲ. ಇರ್ವಿನ್ ಸೇತುವೆಯನ್ನು ನಡೆದು ದಾಟುವಾಗ ಈಗಲೂ ನಡುವೆ ಒಮ್ಮೆ ಕಟಾಂಜನ ಹಿಡಿದು ನಿಲ್ಲುತ್ತಾರೆ. ಮನೆಯಲ್ಲಿ ಇಂಥವರು ಇದ್ದ ವಾಚಕರಿಗೆ ಒಂದು ಮಾತು: ತಂಬಾಕು ಬಿಡಲು ಸರಕಾರದ ಉಚಿತ ಫೋನು ಇದೆ, 1800-11-2356. ನಮ್ಮ ಕಾಕಾರ ಕಾಲಕ್ಕೆ ಅದು ಇರಲಿಲ್ಲ.

ಕಾನೂನು ತಡವಾಗಿ ಬಂತು. ಮಿರಜದಿಂದ ಮ್ಹೈಸಾಳ ದಾಟಿ ಕಾಗವಾಡಕ್ಕೆ ಹೋದರೆ ಕರ್ನಾಟಕ. ಅಲ್ಲಿ 2016ರಲ್ಲಿಯೇ ಇಂಥ ಸಿಗರೇಟಿಗೆ ನಿಷೇಧವಾಯಿತು. ಇಡೀ ದೇಶಕ್ಕೆ ಕೇಂದ್ರದ ಸುಗ್ರೀವಾಜ್ಞೆ ಬಂದದ್ದು 2019ರ ಸೆಪ್ಟೆಂಬರ್ 18ರಂದು. ಡಿಸೆಂಬರಿನಲ್ಲಿ ಅದೇ ಕಾಯಿದೆಯಾಯಿತು. ಮಾರಿದರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಡುವುದೂ ಅಪರಾಧ. ಇದ್ದ ಮಾಲನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕೆಂದಿತ್ತು.

ನಮ್ಮ ಮನೆಯ ದಾಸ್ತಾನನ್ನು ಕೃಷ್ಣೆ ಅದಕ್ಕೆ ಒಂದು ತಿಂಗಳು ಮೊದಲೇ ಮುಗಿಸಿದ್ದಳು. ಆಗಸ್ಟಿನ ಆ ಮಹಾಪೂರದಲ್ಲಿ ಇರ್ವಿನ್ ಸೇತುವೆಯ ಹತ್ತಿರ ನೀರು 57 ಅಡಿ ದಾಟಿತ್ತು. ಪೇಟೆಯೊಳಗೆ ನಾವೆ ನಡೆದವು. ನೀರು ಇಳಿದ ಮೇಲೆ ಗಾದಿಯ ಮೇಜಿನ ಖಾನೆ ಎಳೆದರೆ ರಾಡಿಯಲ್ಲಿ ಹೂತ ಮೂರು ಬಿಳಿಯ ಕೊಳವೆಗಳು. ಊದಿದ ಮೊಬೈಲ್ ಬ್ಯಾಟರಿಗಳ ಜೊತೆಗೆ ಅವನ್ನೂ ಉಸುಕು ತುಂಬಿದ ಡಬ್ಬಿಗೆ ಹಾಕಿ ಇ-ಕಸ ಒಯ್ಯುವವರಿಗೆ ಕೊಟ್ಟೆವು. ಕಾಕಾ ಹೊರಗೆ ಬಿಸಿಲಲ್ಲಿ ಕುಳಿತು ತೊಯ್ದ ವಹಿಗಳ ಹಾಳೆ ಒಂದೊಂದಾಗಿ ಬಿಡಿಸುತ್ತಿದ್ದರು. ಡಬ್ಬಿ ಅವರ ಮುಂದಿನಿಂದಲೇ ಹೋಯಿತು. "ಹೋದ ವರ್ಷದ ಉದ್ರಿ ಎಲ್ಲಾ ಅಳಿಸಿಹೋಗೇತಿ, ರೈತರ ಬಾಕಿ ಮಾತ್ರ ಓದಾಕ ಬರ್ತೈತಿ ನೋಡ್ರಿ" ಎಂದು ನಮ್ಮ ತಂದೆಯವರನ್ನು ಕೂಗಿ ಕರೆದರು.