ಅಜ್ಜಿಮನೆಯಲ್ಲಿ 90 ದಿನ

ಫೀನಿಕ್ಸ್ ನಗರದಿಂದ ವಾಯವ್ಯಕ್ಕೆ ಓರೆಯಾಗಿ ಹೊರಡುವ ಗ್ರ್ಯಾಂಡ್ ಅವೆನ್ಯೂ ಎಂಬ ಹೆದ್ದಾರಿ ಹಿಡಿದರೆ ಸನ್ ಸಿಟಿ ಸಿಗುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಎದ್ದ ಊರು. ಅಗಲವಾದ, ಗುಡಿಸಿಟ್ಟಂತಿರುವ ಬೀದಿಗಳು. ಮನೆಗಳೆಲ್ಲ ಒಂದೇ ಅಂತಸ್ತಿನವು. ಮೆಟ್ಟಿಲು ಹತ್ತುವ ಮಂಡಿಗಳು ಇಲ್ಲಿ ಕಡಿಮೆ. ಅಂಗಳದಲ್ಲಿ ಹುಲ್ಲಿನ ಬದಲು ಜಲ್ಲಿ ಹಾಸಿದ್ದಾರೆ, ಕೆಲವರು ಅದಕ್ಕೆ ಹಸಿರು ಬಣ್ಣವನ್ನೂ ಬಳಿದದ್ದುಂಟು. ಬುಡಕ್ಕೆ ಸುಣ್ಣ ಬಳಿದ ಕಿತ್ತಳೆ ಮರಗಳು. ರಸ್ತೆಯಲ್ಲಿ ಕಾರುಗಳಷ್ಟೇ ಸಹಜವಾಗಿ ಗಾಲ್ಫ್ ಗಾಡಿಗಳು ಸಾಗುತ್ತವೆ. ಎಲ್ಲವೂ ಅಚ್ಚುಕಟ್ಟು. ಆದರೆ ಊರು ಹೊಕ್ಕು ಸ್ವಲ್ಪ ಹೊತ್ತಾಗುವುದರೊಳಗೆ ಏನೋ ಒಂದು ಕೊರತೆ ಕಾಡತೊಡಗುತ್ತದೆ.

ಅಂಗಳದಲ್ಲಿ ಮಗುಚಿ ಬಿದ್ದ ಮೂರು ಗಾಲಿಯ ಸೈಕಲ್ ಇಲ್ಲ. ಕಾಲುದಾರಿಯ ಮೇಲೆ ಸೀಮೆಸುಣ್ಣದ ಗೆರೆಗಳಿಲ್ಲ. ನಲವತ್ತು ಸಾವಿರದ ಆಸುಪಾಸು ಜನ ಇರುವ ಊರಿನಲ್ಲಿ ಗಾಲ್ಫ್ ಮೈದಾನಗಳು ಎಂಟು, ಮನರಂಜನಾ ಕೇಂದ್ರಗಳು ಏಳು. ಮಕ್ಕಳ ಶಾಲೆಯ ಗಂಟೆ ಮಾತ್ರ ಕೇಳಿಸದು. ಇಲ್ಲಿಯ ಪ್ರತಿ ಮನೆಯಲ್ಲೂ 55 ತುಂಬಿದವರು ಕನಿಷ್ಠ ಒಬ್ಬರಾದರೂ ಇರಬೇಕು, 19ಕ್ಕಿಂತ ಕಡಿಮೆ ವಯಸ್ಸಿನವರು ಯಾರೂ ನೆಲೆಸಕೂಡದು ಎಂಬುದು ನಿಯಮ.

ಹಾಗಾದರೆ ಮೊಮ್ಮಕ್ಕಳು? ಬರಬಹುದು. ವರ್ಷದಲ್ಲಿ 90 ದಿನ ಇರಬಹುದು. ನಿಗದಿಯಾದ ವೇಳೆಯಲ್ಲಿ ಈಜುಕೊಳಕ್ಕೂ ಇಳಿಯಬಹುದು. 91ನೆಯ ದಿನ ಮಾತ್ರ ಆ ಮಗು ಅತಿಥಿಯಲ್ಲ, ನಿಯಮಭಂಗ! ಫ್ಲಾರಿಡಾದಲ್ಲಿ ಇದಕ್ಕಿಂತ ದೊಡ್ಡದಾಗಿ ಬೆಳೆದಿರುವ 'ದಿ ವಿಲೇಜಸ್' ಎಂಬ ನಿವೃತ್ತರ ಊರಿನಲ್ಲಿ ಈ ಲೆಕ್ಕ ಇನ್ನೂ ಬಿಗಿ, 30 ದಿನ ಮಾತ್ರ. ಬೇಸಿಗೆ ರಜೆ ಮುಗಿದರೂ ಅಜ್ಜಿಯ ಸೆರಗು ಬಿಡದ ಮಕ್ಕಳನ್ನು ರಮಿಸಿ, ಗದರಿಸಿ ಬಸ್ಸು ಹತ್ತಿಸುವುದನ್ನು ಕಂಡ ನಮ್ಮವರಿಗೆ ಅಜ್ಜಿಮನೆಗೂ ಕ್ಯಾಲೆಂಡರಿನ ಕಾವಲು ಎಂದರೆ ವಿಚಿತ್ರವೆನಿಸುತ್ತದೆ. ಆದರೆ ಇದರ ಹಿಂದೆ ಒಂದು ಕತೆಯಿದೆ. ಆ ಕತೆ ಶುರುವಾದದ್ದು ಸನ್ ಸಿಟಿಯಲ್ಲಲ್ಲ, ಅದರ ಮಗ್ಗುಲಲ್ಲೇ ಇರುವ ಪುಟ್ಟ ಯಂಗ್‌ಟೌನ್‌ನಲ್ಲಿ.

ಬೆನ್ ಶ್ಲೈಫರ್ ಎಂಬ ಭೂವ್ಯಾಪಾರಿ 1954ರಲ್ಲಿ ಅಗುವಾ ಫ್ರಿಯಾ ನದಿಯ ಬಳಿ (ನದಿಯೆಂದರೆ ವರ್ಷದ ಬಹುಪಾಲು ಒಣಗಿದ ಮರಳು) ಒಂದು ಹೊಲ ಕೊಂಡು ಊರು ಕಟ್ಟಲು ಹೊರಟ. ವೃದ್ಧಾಶ್ರಮದಲ್ಲಿ ಸೊರಗುತ್ತಿದ್ದ ಗೆಳೆಯನೊಬ್ಬನನ್ನು ಕಂಡು ಬಂದ ಮೇಲೆ ಅವನಿಗೆ ಈ ಯೋಚನೆ ಬಂತೆಂದು ಹೇಳುತ್ತಾರೆ. ಕೆಲಸದಿಂದ ನಿವೃತ್ತರಾದವರು ಸಾವಿಗೆ ಕಾಯುತ್ತ ಕೂರುವ ಬದಲು ತಮ್ಮದೇ ಪುಟ್ಟ ಮನೆ, ತಮ್ಮದೇ ಓರಗೆಯವರ ನಡುವೆ ಬದುಕಲಿ ಎಂಬುದು ಅವನ ಎಣಿಕೆ. ಮುದುಕರ ಊರಿಗೆ 'ಯಂಗ್‌ಟೌನ್' ಎಂದು ಹೆಸರಿಟ್ಟವನಲ್ಲಿ ಹಾಸ್ಯಪ್ರಜ್ಞೆಯೂ ಇದ್ದಿರಬೇಕು. ಅಮೆರಿಕದ ನಿವೃತ್ತರ ಬಹುದೊಡ್ಡ ಸಂಘಟನೆಯಾದ ಎ.ಎ.ಆರ್.ಪಿ.ಯ ಮೊಟ್ಟಮೊದಲ ಸ್ಥಳೀಯ ಶಾಖೆ 1960ರಲ್ಲಿ ಹುಟ್ಟಿದ್ದು ಇಲ್ಲೇ.

ಈ ಪುಟ್ಟ ಊರನ್ನು ಕಂಡು ದೊಡ್ಡ ಲೆಕ್ಕ ಹಾಕಿದವನು ಡೆಲ್ ವೆಬ್. ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದಲ್ಲಿ ಪಾಲು, ಲಾಸ್ ವೇಗಸ್‌ನಲ್ಲಿ ಹೋಟೆಲು ಕಟ್ಟಿದ ಅನುಭವ, ಎಲ್ಲವೂ ಇದ್ದ ಗುತ್ತಿಗೆದಾರ. ಹತ್ತಿ ಹೊಲಗಳ ನಡುವೆ ಮೊದಲು ಗಾಲ್ಫ್ ಮೈದಾನ, ಅಂಗಡಿ, ಮನರಂಜನಾ ಕೇಂದ್ರಗಳನ್ನು ಕಟ್ಟಿ, ಐದು ಮಾದರಿ ಮನೆಗಳನ್ನು ನಿಲ್ಲಿಸಿ, 1960ರ ಜನವರಿ 1ರಂದು ಬಾಗಿಲು ತೆರೆದ. ಹತ್ತು ಸಾವಿರ ಜನ ಬಂದಾರು ಎಂದುಕೊಂಡಿದ್ದರೆ ವಾರಾಂತ್ಯದ ಮೂರು ದಿನಗಳಲ್ಲಿ ಸುಮಾರು ಒಂದು ಲಕ್ಷ ಜನ ಬಂದರಂತೆ. ಹೆದ್ದಾರಿಯಲ್ಲಿ ಕಾರುಗಳ ಸಾಲು. ಹತ್ತು ಸಾವಿರ ಡಾಲರಿನ ಆಸುಪಾಸಿನ ಮನೆಗಳು ಇನ್ನೂರಕ್ಕೂ ಮೇಲೆ ಬಿಕರಿಯಾದವು. 1962ರ ಆಗಸ್ಟ್‌ನಲ್ಲಿ 'ಟೈಮ್' ಪತ್ರಿಕೆಯ ಮುಖಪುಟದ ಮೇಲೆ ಡೆಲ್ ವೆಬ್‌ನ ಚಿತ್ರ ಬಂತು.

ಅಲ್ಲಿಗೆ ಹೋದವರು ಯಾರು? ಷಿಕಾಗೋದಲ್ಲೋ ಮಿನೆಸೋಟದಲ್ಲೋ ಮೂವತ್ತು ನಲವತ್ತು ಚಳಿಗಾಲ ಹಿಮ ಗೋರಿ, ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಸವೆದು, ಮಕ್ಕಳನ್ನು ಓದಿಸಿ ದಡ ಮುಟ್ಟಿಸಿದವರು. ಜೀವಮಾನದ ಉಳಿತಾಯ ಸುರಿದು ಅವರು ಕೊಂಡದ್ದು ನಾಲ್ಕು ಗೋಡೆಯನ್ನಷ್ಟೇ ಅಲ್ಲ, ಒಂದು ಮಾತನ್ನು ಕೂಡ: ಇಲ್ಲಿ ಎಲ್ಲರೂ ನಿಮ್ಮ ವಯಸ್ಸಿನವರೇ. ಹೀಗೆ ಕೊಂಡವರನ್ನು ಮಕ್ಕಳದ್ವೇಷಿಗಳು, ಕಟುಕರು ಎಂದು ಬೈಯುವುದು ಸುಲಭ, ನ್ಯಾಯವಲ್ಲ. ಇಲ್ಲಿನವರು ಸೋಮಾರಿಗಳೂ ಅಲ್ಲ. ಸನ್ ಸಿಟಿಗೆ ಮೇಯರ್ ಇಲ್ಲ, ಪುರಸಭೆಯಿಲ್ಲ. ಬೀದಿಯ ಕಸ ಹೆಕ್ಕುವುದರಿಂದ ಹಿಡಿದು ರಾತ್ರಿ ಗಸ್ತಿನ ತನಕ ಸ್ವಯಂಸೇವಕರ ದಂಡುಗಳಿವೆ. 1979ರಲ್ಲಿ ಹುಟ್ಟಿದ 'ಸನ್ ಸಿಟಿ ಪಾಮ್ಸ್' ತಂಡದ ಅಜ್ಜಿಯರು ಮಿರಮಿರ ಮಿನುಗುವ ಉಡುಪು ತೊಟ್ಟು ಮೆರವಣಿಗೆಗಳಲ್ಲಿ ಕುಣಿದು ಹೆಸರು ಗಳಿಸಿದವರು. ಕುಣಿಯಲು ಅರ್ಹತೆ, ವಯಸ್ಸು 55 ದಾಟಿರಬೇಕು!

ಇರಲಿ. ಮಕ್ಕಳು ಬೇಡ ಎನ್ನುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಗಲಾಟೆ. ಆದರೆ ಸನ್ ಸಿಟಿಯ ಇತಿಹಾಸ ನೋಡಿದವರಿಗೆ ಗಲಾಟೆಗಿಂತ ದೊಡ್ಡದೊಂದು ಕಾರಣ ಕಾಣುತ್ತದೆ. ಅದು ತೆರಿಗೆ. ಅಮೆರಿಕದಲ್ಲಿ ಸರಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಬರುವುದು ಆಯಾ ಶಾಲಾ ಜಿಲ್ಲೆಯ ಮನೆಗಳ ಮೇಲಿನ ಆಸ್ತಿ ತೆರಿಗೆಯಿಂದ. ಹೊಸ ಶಾಲೆ ಕಟ್ಟಲು ಸಾಲಪತ್ರ ಎತ್ತಬೇಕಾದರೆ ಅಲ್ಲಿನ ಮತದಾರರ ಒಪ್ಪಿಗೆ ಬೇಕು. ಸನ್ ಸಿಟಿ ಮೊದಲು ಪಿಯೋರಿಯಾ ಎಂಬ ನೆರೆಯೂರಿನ ಶಾಲಾ ಜಿಲ್ಲೆಗೆ ಸೇರಿತ್ತು. 1960ರ ದಶಕದಲ್ಲಿ ಮತ್ತು 70ರ ದಶಕದ ಮೊದಲ ವರ್ಷಗಳಲ್ಲಿ ಶಾಲೆಯ ಸಾಲಪತ್ರದ ಪ್ರಸ್ತಾಪ ಮತಕ್ಕೆ ಬಂದಾಗಲೆಲ್ಲ, ಒಂದಲ್ಲ ಎರಡಲ್ಲ, ಹತ್ತಕ್ಕೂ ಹೆಚ್ಚು ಬಾರಿ, ಹಿರಿಯರು ಸಾಲುಗಟ್ಟಿ ಹೋಗಿ ಸೋಲಿಸಿದರು. 'ನಮ್ಮ ಮಕ್ಕಳನ್ನು ಓದಿಸಿದ್ದಾಯಿತು, ಇನ್ನೊಬ್ಬರ ಮಕ್ಕಳಿಗೇಕೆ ಕೊಡಬೇಕು? ಪಿಂಚಣಿಯಲ್ಲಿ ಬದುಕುವವರು ನಾವು' ಎಂಬುದು ಅವರ ವಾದದ ತಿರುಳು. ಪಿಯೋರಿಯಾದ ಮಕ್ಕಳು ಕೋಣೆಗಳು ಸಾಲದೆ ಪಾಳಿಯಲ್ಲಿ ಶಾಲೆಗೆ ಹೋಗುವಂತಾಯಿತು. ಕೊನೆಗೆ 70ರ ದಶಕದ ಮಧ್ಯದಲ್ಲಿ ಬೇಸತ್ತ ಶಾಲಾ ಜಿಲ್ಲೆಗೂ ಹಿರಿಯರಿಗೂ ವಿಚ್ಛೇದನವಾಗಿ, ಸನ್ ಸಿಟಿ ಆ ಜಿಲ್ಲೆಯಿಂದ ಹೊರಬಂತು. ಶಾಲಾ ತೆರಿಗೆಯ ಭಾರ ಇಳಿಯಿತು.

ಮಕ್ಕಳಿಲ್ಲದ ಊರು ಅಗ್ಗದ ಊರು ಎಂಬುದು ಹೀಗೆ ಎಲ್ಲರಿಗೂ ತಿಳಿದ ಗುಟ್ಟಾಯಿತು. ಒಂದೆರಡು ಮಕ್ಕಳು ಊರಲ್ಲಿ ನೆಲೆ ನಿಂತರೆ ಅವರ ಹಿಂದೆಯೇ ಶಾಲೆಯ ಪ್ರಶ್ನೆ, ಶಾಲೆಯ ಹಿಂದೆ ತೆರಿಗೆಯ ಚೀಟಿ ಬರುತ್ತದೆಂಬ ಭಯ. ಪಕ್ಕದ ಎಲ್ ಮಿರಾಜ್ ಹೊಲಗಳಲ್ಲಿ ದುಡಿಯಲು ಬಂದವರು ಕಟ್ಟಿದ ಬಡ ಊರು. ಹಿರಿಯರ ಕಿತ್ತಳೆ ಮರ ಸವರುವ ಮಾಲಿ, ಆಸ್ಪತ್ರೆಯಲ್ಲಿ ಅವರ ರಕ್ತದೊತ್ತಡ ನೋಡುವ ದಾದಿ, ಇವರೆಲ್ಲ ಎಲ್ಲೋ ಒಂದು ಶಾಲೆಯಲ್ಲಿ ಓದಿ ಬಂದವರೇ ತಾನೆ? ಈ ಪ್ರಶ್ನೆಗೆ ಸನ್ ಸಿಟಿಯ ತೆರಿಗೆ ವಾದದಲ್ಲಿ ಉತ್ತರ ಸಿಗುವುದಿಲ್ಲ.

ಇನ್ನು ಕಾನೂನಿನ ಮಾತು. ಒಂದು ಕಾಲಕ್ಕೆ ಅಮೆರಿಕದಲ್ಲಿ 'ವಯಸ್ಕರಿಗೆ ಮಾತ್ರ' ಎಂಬ ಬಾಡಿಗೆ ಮನೆಗಳು ಬೇಕಾದಷ್ಟಿದ್ದವು. ಎಳೆಯ ದಂಪತಿಗಳು ಮನೆ ಸಿಗದೆ ಅಲೆಯುತ್ತಿದ್ದರು. ಲಾಸ್ ಏಂಜಲೀಸಿನ ಒಂದು ವಸತಿ ಸಮುಚ್ಚಯದಲ್ಲಿ ಸ್ವಂತ ಮನೆಯಿದ್ದ ದಂಪತಿಗೆ ಮಗು ಹುಟ್ಟಿದ್ದೇ ತಪ್ಪಾಗಿ, ಕೊನೆಗೆ ಅವರು ಸಂಘದ ಮೇಲೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಮಗುವಿನ ಪರವಾಗಿ ತೀರ್ಪಿತ್ತಿತು. 1988ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಕಾನೂನೇ ಬಂತು: 18ರೊಳಗಿನ ಮಕ್ಕಳಿದ್ದಾರೆಂಬ ಕಾರಣಕ್ಕೆ ಯಾರಿಗೂ ಮನೆ ನಿರಾಕರಿಸುವಂತಿಲ್ಲ. ಆದರೆ ಹಿರಿಯರ ಊರುಗಳಿಗೆ ಅದೇ ಕಾನೂನು ವಿನಾಯಿತಿ ಕೊಟ್ಟಿತು. ಎಲ್ಲರೂ 62 ದಾಟಿದವರಾಗಿರಬೇಕು, ಇಲ್ಲವೇ ನೂರಕ್ಕೆ 80 ಮನೆಗಳಲ್ಲಿ 55 ದಾಟಿದವರು ಒಬ್ಬರಾದರೂ ಇರಬೇಕು. ಹಿರಿಯರಿಗೆಂದೇ ವಿಶೇಷ ಸೌಕರ್ಯಗಳಿರಬೇಕೆಂದು ಮೊದಲಿದ್ದ ಷರತ್ತನ್ನೂ 1995ರ ತಿದ್ದುಪಡಿ ತೆಗೆದುಹಾಕಿತು.

ಇಲ್ಲಿ ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ. ನೂರಕ್ಕೆ 80 ಎಂದರೆ ಉಳಿದ 20 ಮನೆಗಳು? ಗಂಡ ತೀರಿಹೋದಾಗ ಇನ್ನೂ ಐವತ್ತೂ ತುಂಬದ ಹೆಂಡತಿ ಮನೆ ಬಿಡಬೇಕಾಗಿ ಬರಬಾರದು ಎಂಬಂಥ ಸಂದರ್ಭಗಳಿಗೆ ಈ ಸಡಿಲ ಒದಗುತ್ತದೆ. ಆ ಮನೆಗಳಲ್ಲಿ ಮಕ್ಕಳಿರಕೂಡದೆಂದು ದೇಶದ ಕಾನೂನು ಹೇಳುವುದಿಲ್ಲ. ಅಷ್ಟೇಕೆ, ಅಜ್ಜಿಗೆ 55 ತುಂಬಿದ್ದರೆ ಮೊಮ್ಮಗು ಜೊತೆಗಿದ್ದ ಮಾತ್ರಕ್ಕೆ ಆ ಮನೆ 80ರ ಲೆಕ್ಕದಿಂದ ಜಾರುವುದೂ ಇಲ್ಲ. 'ನಾವೇನು ಮಾಡೋಣ, ಕಾನೂನು ಹಾಗಿದೆ' ಎನ್ನುವವರು ಕಾನೂನಿನ ಮೇಲೆ ಹಾಕುತ್ತಿರುವುದು ತಮ್ಮದೇ ತೀರ್ಮಾನವನ್ನು.

ಈ ತೀರ್ಮಾನದ ಪರೀಕ್ಷೆ ನಡೆದದ್ದು ಮತ್ತೆ ಯಂಗ್‌ಟೌನ್‌ನಲ್ಲೇ. 1990ರ ದಶಕದ ನಡುವೆ ಅಲ್ಲಿನ ಒಂದು ಮನೆಗೆ ಹದಿಹರೆಯದ ಮೊಮ್ಮಗನೊಬ್ಬ ಬಂದ. ರಜೆ ಕಳೆಯಲು ಬಂದವನಲ್ಲ. ಮಲತಂದೆಯ ಹೊಡೆತ ತಾಳಲಾರದೆ ಬಂದವನು. ಅಜ್ಜ ಅಜ್ಜಿ ಒಳಗೆ ಕರೆದುಕೊಂಡರು. ಮತ್ತೇನು ಮಾಡುತ್ತಾರೆ? ಆದರೆ ದಿನಗಳ ಲೆಕ್ಕ ಮೀರಿತು. ಶಾಲೆ ಮುಗಿಯುವ ತನಕವಾದರೂ ಇರಗೊಡಿ ಎಂದು ಕೇಳಿಕೊಂಡರೆ ಊರಿನ ಆಡಳಿತ ಒಪ್ಪಲಿಲ್ಲ. ಹುಡುಗ ಇದ್ದಷ್ಟು ದಿನ ದಿನಕ್ಕೆ 100 ಡಾಲರ್ ದಂಡ ಎಂದಿತು. ಸ್ವಂತ ಮನೆ, ಸ್ವಂತ ಮೊಮ್ಮಗ, ದಿನಬಾಡಿಗೆಯಂತೆ ದಂಡ!

ಆಡಳಿತದವರ ಪಕ್ಷದಿಂದಲೂ ಒಮ್ಮೆ ಯೋಚಿಸಬೇಕು. ಒಬ್ಬನಿಗೆ ಬಾಗಿಲು ತೆರೆದರೆ ನಾಳೆ ಇನ್ನೊಬ್ಬರು ಬರುತ್ತಾರೆ, ಯಾರ ಕಷ್ಟ ನಿಜ ಯಾರದ್ದು ನೆಪ ಎಂದು ಅಳೆಯುವವರು ಯಾರು ಎಂದು ಅವರು ಅಂಜಿದ್ದರೆ ಅದು ಪೂರ್ತಿ ಹುರುಳಿಲ್ಲದ ಅಂಜಿಕೆಯಲ್ಲ. ನಿಯಮದಿಂದಲೇ ಬದುಕುವ ಊರಿಗೆ ವಿನಾಯಿತಿ ಎಂದರೆ ಅಡಿಪಾಯದ ಕಲ್ಲು ಸಡಿಲಿಸಿದಂತೆ. ಆದರೂ ಹೊಡೆತ ತಿಂದು ಬಂದ ಹುಡುಗನ ಕಷ್ಟವನ್ನು ಅಳೆಯಲು ದೊಡ್ಡ ತಕ್ಕಡಿ ಬೇಕಿರಲಿಲ್ಲ.

ಅಜ್ಜ ಅಜ್ಜಿ ಸುಮ್ಮನಾಗಲಿಲ್ಲ. ದೂರು ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ತನಕ ಹೋಯಿತು. ಕಡತ ಬಿಚ್ಚಿ ನೋಡಿದರೆ ಅಷ್ಟು ವರ್ಷ ಊರು ಜಾರಿ ಮಾಡುತ್ತ ಬಂದಿದ್ದ ವಯಸ್ಸಿನ ನಿರ್ಬಂಧಕ್ಕೇ ಕಾನೂನಿನ ಗಟ್ಟಿ ಬುಡವಿರಲಿಲ್ಲ! 1998ರಲ್ಲಿ ಯಂಗ್‌ಟೌನ್‌ನ ನಿರ್ಬಂಧ ಬಿದ್ದುಹೋಯಿತು. ಒಬ್ಬ ಹುಡುಗನಿಗೆ ಕೆಲವು ತಿಂಗಳ ರಿಯಾಯಿತಿ ಕೊಡದಿದ್ದ ಊರು ಎಲ್ಲ ಮಕ್ಕಳಿಗೂ ಸದಾಕಾಲಕ್ಕೆ ಬಾಗಿಲು ತೆರೆಯಬೇಕಾಯಿತು.

ಆಮೇಲೆ? ಊರು ಮುಳುಗಲಿಲ್ಲ. ಕೆಲವು ಹಿರಿಯರು ಮುನಿಸಿಕೊಂಡರು; ಕೊಟ್ಟ ಮಾತು ಮುರಿದಿರಿ ಎಂಬ ಅವರ ಸಂಕಟ ಸುಳ್ಳಲ್ಲ. ಆದರೆ 2000ರಲ್ಲಿ ಸುಮಾರು 3 ಸಾವಿರವಿದ್ದ ಜನಸಂಖ್ಯೆ 2010ರ ಹೊತ್ತಿಗೆ 6 ಸಾವಿರ ದಾಟಿತು. ನದಿಯ ಕಡೆ ಹೊಸ ಬಡಾವಣೆ ಎದ್ದಿತು, ಎಳೆಯ ಸಂಸಾರಗಳು ಬಂದವು.

ಆ ಹುಡುಗನಂಥವರು ಅಪರೂಪವೂ ಅಲ್ಲ. ಮೊಮ್ಮಕ್ಕಳ ಹೊಣೆ ಹೊತ್ತ ಅಜ್ಜ ಅಜ್ಜಿಯರೆಷ್ಟು ಎಂದು ಅಮೆರಿಕದ ಜನಗಣತಿ ಮೊದಲ ಬಾರಿಗೆ ಕೇಳಿದ್ದು 2000ರಲ್ಲಿ. ಸಿಕ್ಕ ಉತ್ತರ ಸುಮಾರು 24 ಲಕ್ಷ. ತಾಯಿ ಜೈಲಿನಲ್ಲಿ, ತಂದೆ ಮಾದಕ ವಸ್ತುವಿನ ಹಿಡಿತದಲ್ಲಿ, ಇಬ್ಬರೂ ಅಪಘಾತದಲ್ಲಿ ಹೋದರು, ಹೀಗೆ ಒಂದೊಂದು ಮನೆಯದು ಒಂದೊಂದು ಕತೆ. ನಿವೃತ್ತರ ಊರಿನಲ್ಲಿ ಮನೆ ಕೊಳ್ಳುವಾಗ ಸಹಿ ಹಾಕುವ ಯಾವ ಅಜ್ಜಿಗೂ ತನ್ನ ಮನೆಗೆ ಇಂಥ ದಿನ ಬಂದೀತೆಂದು ತೋಚುವುದಿಲ್ಲ. ಬಂದಾಗ ಅವಳ ಮುಂದಿರುವುದು ಎರಡೇ ದಾರಿ: ಮಗುವನ್ನು ಬೇರೆಯವರಿಗೆ ಒಪ್ಪಿಸುವುದು, ಇಲ್ಲವೇ ಎಪ್ಪತ್ತರ ವಯಸ್ಸಿನಲ್ಲಿ ಮನೆ ಮಾರಿ, ಗೆಳತಿಯರನ್ನೂ ವೈದ್ಯರನ್ನೂ ಬಿಟ್ಟು, ಗಂಟುಮೂಟೆ ಕಟ್ಟುವುದು. ಹೊಸದಾಗಿ ಮನೆ ಕೊಳ್ಳಬಂದ ಸಂಸಾರಕ್ಕೆ 'ಇಲ್ಲ' ಎನ್ನುವುದು ಬೇರೆ. ಅವರಿಗೆ ಬೇರೆ ಊರುಗಳಿವೆ. ನಿರ್ಗತಿಕನಾಗಿ ಬಂದ ಮೊಮ್ಮಗನಿಗೆ ಇರುವುದು ಆ ಒಂದೇ ಮನೆ. ಇವೆರಡನ್ನೂ ಒಂದೇ ನಿಯಮ ಒಂದೇ ಅಳತೆಗೋಲಿನಿಂದ ಅಳೆಯುವುದರಲ್ಲಿದೆ ತೊಡಕು. ಊರಿನ ಉಳಿದ ನಿಯಮ ಹಾಗೆಯೇ ಇರಲಿ. ಇಂಥವರಿಗೆಂದು ಒಂದು ಸಾಲು ಸೇರಿಸಲು ದೇಶದ ಕಾನೂನಂತೂ ಅಡ್ಡ ಬರುವುದಿಲ್ಲ.

ಇಂಥ ಊರುಗಳಲ್ಲಿ 91ನೆಯ ದಿನವನ್ನು ಎಣಿಸಲು ಮನೆಮನೆಗೆ ಅಧಿಕಾರಿಗಳೇನೂ ಬರುವುದಿಲ್ಲ. ಯಾರಾದರೂ ದೂರು ಕೊಟ್ಟರೆ ವಿಚಾರಣೆ. ದೂರು ಕೊಡಬಲ್ಲವರು ನೆರೆಯವರು. ಬೇಲಿಯಾಚೆ ಚೆಂಡು ಪುಟಿಯುವ ಸದ್ದು ಕೇಳಿ, ಕ್ಯಾಲೆಂಡರ್ ನೋಡಿ, ಫೋನು ಎತ್ತುವವರೂ ಇದ್ದಾರು, ಎತ್ತದೆ ಸುಮ್ಮನಾಗುವವರೂ ಇದ್ದಾರು. ಸಂಜೆ ಮರುಭೂಮಿಯ ಬಿಸಿಲು ಇಳಿದ ಮೇಲೆ ಸನ್ ಸಿಟಿಯ ವೃತ್ತಾಕಾರದ ಬೀದಿಗಳಲ್ಲಿ ಗಾಲ್ಫ್ ಗಾಡಿಗಳು ಸದ್ದಿಲ್ಲದೆ ಮನೆಗೆ ಮರಳುತ್ತವೆ. ಪಕ್ಕದ ಯಂಗ್‌ಟೌನ್‌ನಲ್ಲಿ ಆ ಹೊತ್ತಿಗೆ ಮಕ್ಕಳು ಇನ್ನೂ ಬೀದಿಯಲ್ಲೇ ಇರುತ್ತಾರೆ.